ಗಿಬೆಯದ ಪಾತಕವೂ ಮಿಚ್ಪೆಯ ನ್ಯಾಯವೂ

ನ್ಯಾಯಸ್ಥಾಪಕರ ಪುಸ್ತಕದ ಕಡೇ ಮೂರು ಅಧ್ಯಾಯಗಳು ನಮ್ಮ ಸಭೆಗಳಲ್ಲಿ ಓದಲ್ಪಡುವದು ಬಹು ಅಪರೂಪ. ಕುಟುಂಬ ಪ್ರಾರ್ಥನೆಯಲ್ಲಿ ಸತ್ಯವೇದವನ್ನು ಸಾಲಾಗಿ ಓದುತ್ತಾ ಬರುವವರು ಸಹ ಈ ಸ್ಥಳಕ್ಕೆ ಬಂದಾಗ, ಎದುರಿಗೆ ಮಕ್ಕಳು ಕೂತಿರುವದನ್ನು ನೋಡಿ, ಹಾಳೆಗಳನ್ನು ತಿರುವಿ ರೂತಳ ಪುಸ್ತಕಕ್ಕೆ ಹೋಗುವದುಂಟು. ನಾನೂ ಹಾಗೆ ಮಾಡಿದವನೇ. ಆದರೆ ಕೆಲವರು ಮಾಡಿದ ಪಾತಕಕ್ಕೆ ಅವರ ಜನರೆಲ್ಲರೂ ಎಷ್ಟರ ಮಟ್ಟಿಗೆ ಹೊಣೆಯಾಗುತ್ತಾರೆಂಬ ಪ್ರಶ್ನೆಯು ಇಲ್ಲಿರುವಷ್ಟು ತೀಕ್ಷ್ಣವಾಗಿ ಬೇರೆ ಕಡೆ ನಮ್ಮ ಮುಂದೆ ಬರುವದಿಲ್ಲ.

ಸಂಗತಿ ಹೀಗದೆ. ಎಫ್ರಾಯೀಮ್ ಬೆಟ್ಟದ ಸೀಮೆಯ ಒಬ್ಬ ಲೇವಿಯನು, ತವರಿಗೆ ಹೋಗಿದ್ದ ತನ್ನ ಉಪಪತ್ನಿಯನ್ನು ಬೇತ್ಲೆಹೇಮಿನಿಂದ ಕರೆದುಕೊಂಡು ಹೊರಟನು. ಸಾಯಂಕಾಲವಾದಾಗ ಯೆಬೂಸಿನಲ್ಲಿ ಇಳಿದುಕೊಳ್ಳೋಣವೆಂದು ಆಳು ಹೇಳಿದರೂ, ಅದು ಅನ್ಯರ ಪಟ್ಟಣವೆಂದು ಒಪ್ಪದೆ, ಬೆನ್ಯಾಮೀನ್ಯರ ಗಿಬೆಯಕ್ಕೆ ಹೋದನು. (ಯೆರೂಸಲೇಮಿಗೆ ಉತ್ತರದಲ್ಲಿ ಸುಮಾರು 3 ಮೈಲಿ ದೂರದಲ್ಲಿರುವ ತೆಲ್ ಎಲ್ ಫೂಲ್ ಎಂಬ ದಿಬ್ಬವೇ ಆ ಗಿಬೆಯವೆಂದು ಬಹುಮಂದಿ ಪಂಡಿತರ ಅಭಿಪ್ರಾಯ. ಆಲ್ಬ್ರೈಟ್ ಎಂಬ ಪಂಡಿತನು 1922ರಲ್ಲಿ ಅಲ್ಲಿ ಅಗೆಯಿಸಿ ಹಳೇ ಕೋಟೆಯ ಅವಶೇಷಗಳನ್ನು ಕಂಡನು.) ಅನ್ಯರಿಗೆ ಹೆದರಿ ಸ್ವಜನರ ಊರಿಗೆ ಹೋದವನಿಗೆ ಆ ಊರಿನವರಾರೂ ಮನೆಯ ಬಾಗಿಲು ತೆರೆಯಲಿಲ್ಲ. ಹೊಲದಿಂದ ಬಂದ ಒಬ್ಬ ಮುದುಕನು, ಅವನೂ ಪರಸ್ಥಳದವನೇ, ಅವರನ್ನು ಸೇರಿಸಿಕೊಂಡನು. ರಾತ್ರಿಯಲ್ಲಿ ಊರಿನ ದುಷ್ಟರು ಮನೆಯನ್ನು ಮುತ್ತಿದಾಗ ಲೇವಿಯನು ಆ ಸ್ತ್ರೀಯನ್ನು ಹಿಡಿದು ಹೊರಗೆ ಅವರ ಬಳಿಗೆ ದಬ್ಬಿದನು. ಬೆಳಿಗ್ಗೆ ಆಕೆ ಹೊಸ್ತಿಲ ಮೇಲೆ ಕೈಚಾಚಿಕೊಂಡು ಬಿದ್ದಿದ್ದಳು. ಲೇವಿಯನು ಆಕೆಯ ದೇಹವನ್ನು 12 ತುಂಡುಮಾಡಿ ಇಸ್ರಾಯೇಲಿನ ಸೀಮೆಗಳಿಗೆಲ್ಲಾ ಕಳುಹಿಸಿದನು.

ಆಗ ದಾನಿನಿಂದ ಬೇರ್ಷೆಬದವರೆಗೂ ಜನರು ಏಕಮನಸ್ಸಿನಿಂದ ಮಿಚ್ಪೆಯಲ್ಲಿ ಕೂಡಿದರು. ಕತ್ತಿ ಹಿಡಿಯುವವರೇ 4,00,000 ಮಂದಿ. ಅವರು ಮೊದಲು ಮಾಡಿದ್ದು ಸರಿಯಾದದ್ದೇ. ಪಾತಕಿಗಳನ್ನು ಒಪ್ಪಿಸಿರೆಂದು ಬೆನ್ಯಾಮೀನ್ಯರಿಗೆ ಹೇಳಿಕಳುಹಿಸಿದರು. ಬೆನ್ಯಾಮೀನ್ಯರು ಒಪ್ಪಿಸದೆ ಗಿಬೆಯದವರ ಪಕ್ಷವಾಗಿ 26,000 ಮಂದಿ ಯುದ್ಧಕ್ಕೆ ಬಂದರು. ಆ ರಾತ್ರಿ ಗಿಬೆಯದಲ್ಲಿ ಇಲ್ಲದವರು ಸಹ ಅಪರಾಧದಲ್ಲಿ ಪಾಲುಗಾರರಾದದ್ದು ಹೀಗೆಯೇ. ಒಂದೇ ರಕ್ತದವರೆಂಬ ಕಾರಣದಿಂದಲ್ಲ, ಪಾತಕಿಗಳನ್ನು ತಮ್ಮವರೆಂದು ಮರೆಮಾಡಿದ ಕಾರಣದಿಂದ. ಕೊಂದವನಾರೆಂದು ತಿಳಿಯದ ಶವವು ಹೊಲದಲ್ಲಿ ಸಿಕ್ಕಿದರೆ ಸಮೀಪದ ಊರಿನ ಹಿರಿಯರು ಬಂದು ಕೈತೊಳೆದು ದೇವರ ಮುಂದೆ ನಿಲ್ಲಬೇಕೆಂದು ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದಲ್ಲಿ ವಿಧಿಸಿಯದೆ. ಊರಿಗೆ ಹೊಣೆಯುಂಟು; ಆದರೆ ಆ ಹೊಣೆಗಾಗಿ ಊರಿನವರನ್ನು ಕೊಲ್ಲಬೇಕೆಂದು ಅಲ್ಲಿ ಹೇಳಿಲ್ಲ. ಮಕ್ಕಳ ದೋಷಕ್ಕೆ ತಂದೆಗಳನ್ನೂ ತಂದೆಗಳ ದೋಷಕ್ಕೆ ಮಕ್ಕಳನ್ನೂ ಕೊಲ್ಲಬಾರದೆಂದು ಅದೇ ಪುಸ್ತಕದ 24ನೆಯ ಅಧ್ಯಾಯವು ಸ್ಪಷ್ಟವಾಗಿ ತಡೆಯುತ್ತದೆ.

ಮಿಚ್ಪೆಯವರು ಎಡವಿದ್ದು ಎಲ್ಲಿ? ಮರಣದಂಡನೆಗೆ ಇಬ್ಬರು ಮೂವರು ಸಾಕ್ಷಿಗಳು ಬೇಕೆಂಬುದು ನ್ಯಾಯಪ್ರಮಾಣ. ಮಿಚ್ಪೆಯಲ್ಲಿ ಮಾತಾಡಿದವನು ಲೇವಿಯನೊಬ್ಬನೇ. ಗಿಬೆಯದವರು ತನ್ನನ್ನು ಕೊಲ್ಲಬೇಕೆಂದಿದ್ದರು, ಉಪಪತ್ನಿಯನ್ನು ಕೆಡಿಸಿದರು, ಆಕೆ ಸತ್ತಳು ಎಂದು ಹೇಳಿದನು. ಬಾಗಿಲು ತೆರೆದು ಆಕೆಯನ್ನು ದಬ್ಬಿದ ಕೈ ಯಾರದೆಂಬುದನ್ನು ಹೇಳಲಿಲ್ಲ. ಆಳು ಇದ್ದನು, ಮುದುಕನಿದ್ದನು. ಅವರನ್ನು ಕರೆಸಿದ್ದಾಗಿ ಬರೆದಿಲ್ಲ. ಲಕ್ಷಾಂತರ ಜನರು ಸೇರಿದ ಆ ಕೂಟದಲ್ಲಿ ಆ ಹೊಸ್ತಿಲಿನ ವಿಷಯವನ್ನು ಕೇಳಿದವನು ಒಬ್ಬನೂ ಇಲ್ಲ. ಕೋಪವು ನ್ಯಾಯವಾದದ್ದೇ ಆಗಿದ್ದರಿಂದ ವಿಚಾರಣೆ ಬೇಡವೆಂದು ತೋರಿತೋ ಏನೋ.

ದೇವರ ಬಳಿಯಲ್ಲಿಯೂ ಅವರು ಮೊದಲು ವಿಚಾರಿಸಿದ್ದು, ಯುದ್ಧಕ್ಕೆ ಹೋಗಬೇಕೋ ಎಂದಲ್ಲ, ಯಾವ ಕುಲವು ಮುಂದಾಗಿ ಹೋಗಬೇಕು ಎಂದು. ಆ ದಿನ 22,000 ಮಂದಿ ಬಿದ್ದರು. ಆಮೇಲೆಯೇ ಅತ್ತುಕೊಂಡು, ಬೆನ್ಯಾಮೀನನನ್ನು ಸಹೋದರನೆಂದು ಕರೆದು ಪ್ರಶ್ನೆ ಮಾಡಿದರು. ಎರಡನೆಯ ದಿನ 18,000 ಮಂದಿ ಬಿದ್ದರು. ಮೂರನೆಯ ಸಾರಿ ಜಯ ಸಿಕ್ಕಿತು. ಜಯವಾದ ಮೇಲೆ ಕೈ ನಿಲ್ಲಲಿಲ್ಲ; ಊರೂರುಗಳನ್ನು ಹೊಕ್ಕು ಸಿಕ್ಕಿದ್ದೆಲ್ಲವನ್ನೂ ಕೊಂದು ಸುಟ್ಟರು. ಸ್ತ್ರೀಯರೂ ಉಳಿಯಲಿಲ್ಲ. ರಿಮ್ಮೋನ್ ಬಂಡೆಗೆ ಓಡಿಹೋದ 600 ಗಂಡಸರು ಮಾತ್ರ ಉಳಿದರು.

ಒಂದು ಕುಲವೇ ಅಳಿಯುತ್ತದಲ್ಲಾ ಎಂದು ಆಗ ಬೇತೇಲಿನಲ್ಲಿ ಗೋಳಾಡಿದರು. ಆದರೆ ಅವರಿಗೆ ಹೆಣ್ಣು ಕೊಡುವದಿಲ್ಲವೆಂದು ಆಣೆಯಿಟ್ಟಿದ್ದರು. ದುಡುಕಿ ಇಟ್ಟ ಆಣೆಗೆ ದೋಷವನ್ನು ಅರಿಕೆಮಾಡಿ ಒಂದು ಹೆಣ್ಣು ಕುರಿಯನ್ನಾಗಲಿ ಆಡನ್ನಾಗಲಿ ತರಬೇಕೆಂದು ಯಾಜಕಕಾಂಡದ 5ನೆಯ ಅಧ್ಯಾಯದಲ್ಲಿ ದಾರಿಯಿತ್ತು. ಅದನ್ನು ಬಿಟ್ಟು, ಕೂಟಕ್ಕೆ ಬಾರದ ಯಾಬೇಷ್ ಗಿಲ್ಯಾದಿಗೆ 12,000 ಮಂದಿಯನ್ನು ಕಳುಹಿಸಿ, ಮಕ್ಕಳು ಸಹಿತ ಸಂಹರಿಸಿ, 400 ಕನ್ಯೆಯರನ್ನು ತಂದರು. ಇನ್ನೂ 200 ಕಡಿಮೆಯಾಗಲು, ಶೀಲೋವಿನ ಹಬ್ಬದಲ್ಲಿ ಕುಣಿಯಲು ಬಂದ ಹುಡುಗಿಯರನ್ನು ಹಿಡಿದುಕೊಂಡು ಹೋಗಿರೆಂದು ಹಿರಿಯರೇ ಹೇಳಿಕೊಟ್ಟರು. ಒಬ್ಬಳಿಗೆ ಆದ ಬಲಾತ್ಕಾರಕ್ಕೆ ನ್ಯಾಯ ದೊರಕಿಸಲು ಹೊರಟವರು 600 ಮಂದಿಯನ್ನು ಬಲಾತ್ಕಾರದಿಂದ ಒಪ್ಪಿಸಿದರು. ಈ ಎರಡು ಉಪಾಯಗಳಿಗೂ ದೇವರ ಅಪ್ಪಣೆಯಾಯಿತೆಂದು ಎಲ್ಲಿಯೂ ಬರೆದಿಲ್ಲ.

ನನ್ನದೊಂದು ಸಂಗತಿಯನ್ನು ಹೇಳದೆ ಈ ಅಧ್ಯಾಯಗಳ ವಿಷಯದಲ್ಲಿ ಬರೆಯುವದು ನನಗೆ ಸರಿತೋರುವದಿಲ್ಲ. ಕೆಲವು ವರುಷಗಳ ಹಿಂದೆ ಒಂದು ಹಳ್ಳಿಯ ಸಭಾಹಿರಿಯರ ಕೂಟದಲ್ಲಿ ಉಪದೇಶಿಯಾಗಿ ನಾನು ಕೂತಿದ್ದೆನು. ಒಂದು ಮನೆಯ ಮಗನು ದೊಡ್ಡ ತಪ್ಪುಮಾಡಿ ಊರು ಬಿಟ್ಟು ಓಡಿದ್ದನು. ಅವನು ಸಿಕ್ಕದ ಕಾರಣ ಅವನ ತಾಯಿಯನ್ನೂ ತಂಗಿಯರನ್ನೂ ಕರ್ತನ ಭೋಜನದಿಂದ ದೂರವಿಡಬೇಕೆಂದು ಒಬ್ಬ ಹಿರಿಯರು ಹೇಳಿದರು. ಆ ಮನೆಯ ಮದುವೆಗೂ ಮಣ್ಣಿಗೂ ಯಾರೂ ಹೋಗಬಾರದೆಂದು ಮತ್ತೊಬ್ಬರು ಕೂಡಿಸಿದರು. ಅವನನ್ನು ಆ ಹೆಂಗಸರು ಬಚ್ಚಿಟ್ಟಿದ್ದಾರೋ ಎಂದು ಯಾರೂ ವಿಚಾರಿಸಲಿಲ್ಲ. ತಾಯಿ ಹೊರಗೆ ಜಗಲಿಯ ಮೇಲೆ ಕೂತಿದ್ದರು. ಒಳಗೆ ಕರೆಯಿರೆಂದು ನಾನಾದರೂ ಹೇಳಬಹುದಾಗಿತ್ತು. ಎಲ್ಲರ ಸಂಗಡ ನಾನೂ ಕೈಯೆತ್ತಿದೆನು. ಆ ವರುಷದ ಕ್ರಿಸ್ಮಸ್ ಆರಾಧನೆಯಲ್ಲಿ ಆ ತಾಯಿ ಕಿಟಕಿಯ ಹೊರಗೆ ನಿಂತು ಕೇಳಿ ಹೋದರೆಂದು ಆಮೇಲೆ ತಿಳಿಯಿತು.

ಇನ್ನೊಂದು ಮಾತು. ಮುಂದೆ ಇಸ್ರಾಯೇಲಿಗೆ ಮೊದಲನೆಯ ಅರಸನಾದ ಸೌಲನು ಬೆನ್ಯಾಮೀನ್ಯನು, ಅದೇ ಗಿಬೆಯದವನು. ಅಮ್ಮೋನ್ಯನಾದ ನಾಹಾಷನು ಯಾಬೇಷ್ ಗಿಲ್ಯಾದನ್ನು ಮುತ್ತಿದ ಸುದ್ದಿಯು ಗಿಬೆಯಕ್ಕೆ ಬಂದಾಗ, ಅವನು ಒಂದು ಜೋಡಿ ಎತ್ತುಗಳನ್ನು ತುಂಡುಮಾಡಿ ಎಲ್ಲಾ ಸೀಮೆಗಳಿಗೆ ಕಳುಹಿಸಿ ಜನರನ್ನು ಕೂಡಿಸಿದನು. ಈ ಸಾರಿ ಕೂಡಿದವರು ಹೋದದ್ದು ಯಾಬೇಷನ್ನು ಬಿಡಿಸುವದಕ್ಕೆ. ವರುಷಗಳಾದ ಮೇಲೆ ಸೌಲನು ಗಿಲ್ಬೋವ ಬೆಟ್ಟದಲ್ಲಿ ಸತ್ತು, ಅವನ ಶವವು ಬೇತ್‌ಷೆಯಾನಿನ ಗೋಡೆಗೆ ತಗುಲಿಹಾಕಲ್ಪಟ್ಟಾಗ, ರಾತ್ರಿಯೆಲ್ಲಾ ನಡೆದು ಬಂದು ಅದನ್ನು ಇಳಿಸಿ, ತಮ್ಮ ಊರಿಗೆ ಒಯ್ದು, ಎಲುಬುಗಳನ್ನು ಮರದ ಕೆಳಗೆ ಹೂಣಿಟ್ಟು ಏಳು ದಿನ ಉಪವಾಸ ಮಾಡಿದವರು ಯಾಬೇಷಿನ ಜನರೇ.