ಎತ್ತರದ ಸರೋವರ, ತೀರ್ಥ ಮತ್ತು ಮಿತಿ

ಹಿಮಾಲಯದ ಎತ್ತರದ ಸರೋವರಗಳಿಗೆ ಕಾಲ್ನಡಿಗೆಯಲ್ಲಿ ಹೋಗುವವರಲ್ಲಿ ಪುಣ್ಯವನ್ನರಸುವ ಯಾತ್ರಿಕರೂ ಇದ್ದಾರೆ, ನಿಸರ್ಗವನ್ನರಸುವ ಚಾರಣಿಗರೂ ಇದ್ದಾರೆ. ಇವರನ್ನು ಬೇರ್ಪಡಿಸುವುದು ನಂಬಿಕೆಯೇ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ರಾಯಚೂರು ಸೀಮೆಯಂಥ ಬಯಲುನಾಡಿನ ಧಾರ್ಮಿಕ ಪರಂಪರೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ, ಪವಿತ್ರವೆನಿಸಿಕೊಂಡ ನೀರಿನ ಮುಂದೆ ಮನುಷ್ಯನು ತನಗೆ ತಾನೇ ಹಾಕಿಕೊಳ್ಳುವ ಮಿತಿಯೇ ಅಲ್ಲಿನ ಮುಖ್ಯ ಸಂಗತಿಯೆಂದೂ, ನಂಬಿಕೆ ಆ ಮಿತಿಯನ್ನು ಕಾಯ್ದುಕೊಂಡು ಬಂದ ಹಲವು ಬಗೆಗಳಲ್ಲಿ ಒಂದೆಂದೂ ತೋರುತ್ತದೆ.

ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಸುತ್ತಲಿನ ನೆಲ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಹಿಮವನ್ನೇ ಕಾಣದ, ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ನಾಡಿಗೂ ಹೊಳೆಯ ನೀರು ಬರುವುದು ಬೆಟ್ಟದಿಂದಲೇ; ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ ತಿಂಥಣಿಯ ಸೇತುವೆಯಡಿ ಹಾದು ಮುಂದಕ್ಕೆ ಹರಿಯುತ್ತಾಳೆ. ದೇವರ ಪಲ್ಲಕ್ಕಿಯನ್ನು ಹೊಳೆಗೆ ಒಯ್ದು, ಮೂರ್ತಿಗೆ ಸ್ನಾನ ಮಾಡಿಸಿ ತರುವ ಆಚರಣೆಗೆ ಈ ಭಾಗದಲ್ಲಿ ಗಂಗಾಸ್ಥಳವೆಂದು ಹೆಸರು. ಡೊಳ್ಳಿನವರು ಮುಂದೆ, ಪಲ್ಲಕ್ಕಿ ನಡುವೆ, ಕುಂಭ ಹೊತ್ತ ಮುತ್ತೈದೆಯರು ಹಿಂದೆ ನಡೆಯುವ ಈ ಮೆರವಣಿಗೆಯ ವೇಗವನ್ನು ನಿರ್ಧರಿಸುವವರು ಪಲ್ಲಕ್ಕಿ ಹೊತ್ತವರೇ ಹೊರತು ಜೊತೆಗೆ ಬಂದ ಹುರುಪಿನ ಹುಡುಗರಲ್ಲ: ಅವರು ಹೆಗಲು ಬದಲಿಸಲು ನಿಂತರೆ ಎಲ್ಲರೂ ನಿಲ್ಲಬೇಕು. ಹೊರಡುವ ದಿನ, ದಾರಿ, ಮರಳುವ ಹೊತ್ತು ಎಲ್ಲವೂ ಊರಿನ ಹಿರಿಯರು ಮೊದಲೇ ಗೊತ್ತುಮಾಡಿದಂಥವು.

ಇಂಥದೇ ಆಚರಣೆ ಉತ್ತರಾಖಂಡದ ಉತ್ತರಕಾಶಿ ಮತ್ತು ಟಿಹ್ರಿ ಜಿಲ್ಲೆಗಳ ಗಡಿಯಲ್ಲಿ, 4,400 ಮೀಟರಿಗೂ ಮೇಲಿರುವ ಸಹಸ್ರತಾಲ್ ಎಂಬ ಸರೋವರಗಳ ಗುಂಪಿಗೆ ಸಂಬಂಧಿಸಿದಂತೆಯೂ ಇದೆ. ತಪ್ಪಲಿನ ಹಳ್ಳಿಗಳವರು ತಮ್ಮ ದೇವರ ಡೋಲಿಯನ್ನು, ಅಂದರೆ ಪಲ್ಲಕ್ಕಿಯನ್ನು, ಅಲ್ಲಿಗೆ ಹೊತ್ತೊಯ್ದು ಸ್ನಾನ ಮಾಡಿಸುತ್ತಾರೆ. ಕನ್ನಡಿಗರಿಗೆ ಆ ಹೆಸರು ಪರಿಚಯವಾದದ್ದು ಮಾತ್ರ ದುಃಖದ ಸಂದರ್ಭದಲ್ಲಿ. 2024ರ ಮೇ ಕೊನೆಯಲ್ಲಿ ಬಹುಪಾಲು ಕರ್ನಾಟಕದವರೇ ಇದ್ದ, ಸ್ಥಳೀಯ ಮಾರ್ಗದರ್ಶಿಗಳೂ ಸೇರಿ 22 ಜನರ ಚಾರಣ ತಂಡವೊಂದು ಅಲ್ಲಿಗೆ ಹೊರಟು, ಜೂನ್ ಮೊದಲ ವಾರದಲ್ಲಿ ಹಿಮಗಾಳಿಗೆ ಸಿಲುಕಿ, ಕರ್ನಾಟಕದ 9 ಮಂದಿ ಪ್ರಾಣ ಕಳೆದುಕೊಂಡರು. ಉಳಿದ 13 ಮಂದಿಯನ್ನು ಪಾರುಮಾಡಲಾಯಿತು. ಆ ಎತ್ತರದಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಸುಮಾರು ಶೇ 60ರಷ್ಟು ಮಾತ್ರ. ಗಾಳಿಯೂ ತೇವವೂ ಸೇರಿದರೆ ದೇಹದ ಶಾಖ ತಾನು ಉತ್ಪತ್ತಿಯಾಗುವ ವೇಗಕ್ಕಿಂತ ಬೇಗ ಸೋರಿಹೋಗುತ್ತದೆ. ಮಡಿದವರನ್ನು ಉದ್ಧಟರೆಂದು ದೂರುವುದಾಗಲಿ, ದೇವಭೂಮಿಯಲ್ಲಿ ಅಳಿದವರು ಮುಕ್ತರಾದರೆಂದು ಸಮಾಧಾನಪಡುವುದಾಗಲಿ ಸಲ್ಲದು. ಎರಡೂ ಮಾತುಗಳು ಸಾವಿನ ನಿಜವಾದ ಕಾರಣವನ್ನು, ಎಂದರೆ ಹವೆಯನ್ನೂ ಎತ್ತರವನ್ನೂ ಸಮಯವನ್ನೂ, ಮರೆಮಾಡುತ್ತವೆ.

ತೀರ್ಥದ ಹಿರಿಮೆಯನ್ನು ಕುರಿತ ವಾದ ರಾಯಚೂರು ಸೀಮೆಗೆ ಹೊಸದಲ್ಲ. ಮಾನ್ವಿ ಭಾಗದ ಚೀಕಲಪರ್ವಿಯವರಾದ ವಿಜಯದಾಸರು ತೀರ್ಥಕ್ಷೇತ್ರಗಳ ಮೇಲೆ ಸುಳಾದಿಗಳನ್ನು, ಅಂದರೆ ಹಲವು ತಾಳಗಳಲ್ಲಿ ಸಾಗುವ ದೀರ್ಘ ಹಾಡುಗಳನ್ನು, ರಚಿಸಿ ಯಾತ್ರೆಯನ್ನೇ ಉಪಾಸನೆಯ ದಾರಿಯಾಗಿ ಕಂಡರು. ಅವರಿಗಿಂತ ಐದು ಶತಮಾನಗಳಿಗೂ ಹಿಂದೆ ಶರಣರು ಇದಕ್ಕೆ ವಿರುದ್ಧವಾದ ನಿಲುವು ತಳೆದಿದ್ದರು: ನೀರು ಕಂಡಲ್ಲಿ ಮುಳುಗುವವರನ್ನೂ ಮರ ಕಂಡಲ್ಲಿ ಸುತ್ತುವವರನ್ನೂ ಬಸವಣ್ಣನವರು ಟೀಕಿಸಿದರು, ನೆಲೆನಿಂತ ಸ್ಥಾವರಕ್ಕಿಂತ ಚಲಿಸುವ, ಜೀವಂತವಾದ ಜಂಗಮವೇ ಮಿಗಿಲೆಂದು ಹೇಳಿದರು. ಈ ಟೀಕೆಯನ್ನು ಇಂದಿನ ಚಾರಣಿಗನು ತನ್ನ ಪರವೆಂದು ಓದಿಕೊಳ್ಳುವುದು ಸುಲಭ, ಏಕೆಂದರೆ ಸರೋವರ ದೇವರಲ್ಲವೆಂದಾದ ಮೇಲೆ ಅಲ್ಲಿ ಕಟ್ಟುಪಾಡೂ ಇರಬೇಕಿಲ್ಲವೆಂದು ತೋರುತ್ತದೆ. ಆದರೆ ಶರಣರ ಬದುಕು ಆ ತೀರ್ಮಾನವನ್ನು ಒಪ್ಪುವುದಿಲ್ಲ. ಲಿಂಗಸುಗೂರು ಸೀಮೆಯ ಅಮರೇಶ್ವರದವಳೆಂದು ಹೇಳಲಾಗುವ ಆಯ್ದಕ್ಕಿ ಲಕ್ಕಮ್ಮನ ಕಥೆ ಇಲ್ಲಿ ಬಹಳ ಉಪಯುಕ್ತವಾದುದು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಅವಳ ಗಂಡ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನು ಅದು ಆಸೆಯೆಂದು ಗುರುತಿಸಿ, ಮಿಕ್ಕಿದ್ದನ್ನು ತಂದಲ್ಲೇ ಸುರಿದು ಬರಲು ಹೇಳಿದಳು. ಅಲ್ಲಿ ಕೈಯನ್ನು ತಡೆದದ್ದು ಸ್ಥಳದ ಮಹಿಮೆಯಲ್ಲ, ಬೇಕಾದಷ್ಟನ್ನೇ ಕೊಳ್ಳಬೇಕೆಂಬ ಎಚ್ಚರ. ನೀರನ್ನು ಪೂಜಿಸದವನಿಗೂ ಈ ಎಚ್ಚರದಿಂದ ವಿನಾಯಿತಿ ಇಲ್ಲ; ಚಾರಣಿಗನ ವಿಷಯದಲ್ಲಿ ಬಹುಶಃ ಇನ್ನೂ ಒಂದು ತೂಕ ಹೆಚ್ಚೇ, ಅವನನ್ನು ತಡೆಯಲು ಬೇರೆ ಯಾರೂ ಇಲ್ಲದ್ದರಿಂದ.

ನಂಬಿಕೆಯಿದ್ದಲ್ಲಿ ಮಿತಿ ತಾನಾಗಿಯೇ ಇರುತ್ತದೆಂದು ಹೇಳುವಂತೆಯೂ ಇಲ್ಲ. ಅಮರನಾಥದ ಹಾದಿಯಲ್ಲಿ, ಶೇಷನಾಗ್ ಸರೋವರದ ಬಳಿಯಿಂದ ಸಾಗುವ ಮಾರ್ಗದಲ್ಲಿ, 1996ರ ಆಗಸ್ಟ್‌ನಲ್ಲಿ ಬೀಸಿದ ಹಿಮಗಾಳಿಗೆ 200ಕ್ಕೂ ಹೆಚ್ಚು ಯಾತ್ರಿಕರು ಬಲಿಯಾದರು. ಎಲ್ಲರೂ ಭಕ್ತರೇ, ಆದರೆ ಆ ದಾರಿ ತಡೆದುಕೊಳ್ಳಲಾರದಷ್ಟು ಜನ, ಸಾಕಷ್ಟು ಬೆಚ್ಚನೆಯ ಬಟ್ಟೆಯೂ ತಂಗುದಾಣವೂ ಇಲ್ಲದೆ, ಒಂದೇ ಸಲಕ್ಕೆ ಮೇಲೇರಿದ್ದರು. ಬಳಿಕ ನೇಮಕವಾದ ಸೇನ್‌ಗುಪ್ತ ಸಮಿತಿ ಯಾತ್ರಿಕರ ಸಂಖ್ಯೆಗೆ ಮಿತಿ ಹಾಕಬೇಕೆಂದು ಶಿಫಾರಸು ಮಾಡಿತು. ಊರಿನ ಪಲ್ಲಕ್ಕಿ ತನ್ನಷ್ಟಕ್ಕೆ ಪಾಲಿಸುತ್ತಿದ್ದ ನಿಯಮವನ್ನು ಇಲ್ಲಿ ಸಮಿತಿಯೊಂದು ಕಾಗದದ ಮೇಲೆ ಬರೆಯಬೇಕಾಯಿತು, ಏಕೆಂದರೆ ಪುಣ್ಯವು ಒಬ್ಬೊಬ್ಬನ ವೈಯಕ್ತಿಕ ಗಳಿಕೆಯಾದಾಗ ಅದಕ್ಕೂ ಶಿಖರದ ಫೋಟೋಗೂ ಆತುರದಲ್ಲಿ ದೊಡ್ಡ ಭೇದ ಉಳಿಯುವುದಿಲ್ಲ.

ಸರೋವರದ ಕಡೆಯಿಂದ ನೋಡಿದರೂ ಇದೇ ಮಾತು. ಹಿಮನದಿ ಕೊರೆದ ಬೋಗುಣಿಯಂಥ ತಗ್ಗಿನಲ್ಲಿ, ಅದೇ ಹಿಮನದಿ ತಂದು ಸುರಿದ ಕಲ್ಲುಮಣ್ಣಿನ ದಿಬ್ಬದ ಹಿಂದೆ ನಿಂತ ಈ ನೀರು ವರ್ಷದ ಹಲವು ತಿಂಗಳು ಹೆಪ್ಪುಗಟ್ಟಿರುತ್ತದೆ. ಚಳಿಯಲ್ಲಿ ಕೊಳೆಯುವ ಕ್ರಿಯೆ ತೀರ ನಿಧಾನ. ಆದ್ದರಿಂದ ಮಲಿನವಾದದ್ದು ಬಹುಕಾಲ ಅಲ್ಲೇ ಉಳಿಯುತ್ತದೆ. ಚಾರಣಿಗನ ಸೋಪಿಗೂ ಭಕ್ತನು ಬಿಟ್ಟ ಪ್ಲಾಸ್ಟಿಕ್ ಹೂಮಾಲೆಗೂ ನೀರು ಬೇರೆ ಬೇರೆ ಲೆಕ್ಕ ಇಡುವುದಿಲ್ಲ. ಸುತ್ತಲಿನ ಬುಗ್ಯಾಲ್, ಅಂದರೆ ಮರಗಳ ಎಲ್ಲೆಗಿಂತ ಮೇಲಿನ ಹುಲ್ಲುಗಾವಲು, ವರ್ಷದಲ್ಲಿ ಕೆಲವೇ ತಿಂಗಳು ಬೆಳೆಯುತ್ತದೆ. ಅದರ ಮೇಲೆ ಹೂಡಿದ ಡೇರೆಯ ಗುರುತು ಬೇಗ ಮಾಯುವುದಿಲ್ಲ.

2018ರಲ್ಲಿ ಉತ್ತರಾಖಂಡದ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿ, ಹೋಗುವವರ ಸಂಖ್ಯೆಯನ್ನು 200ಕ್ಕೆ ಮಿತಿಗೊಳಿಸಿತು. ಅಸ್ಥಿಪಂಜರಗಳಿಂದಾಗಿ ಹೆಸರಾದ, ಸುಮಾರು 5,000 ಮೀಟರ್ ಎತ್ತರದ ರೂಪಕುಂಡ ಸರೋವರದ ಚಾರಣಕ್ಕೂ ಇದರಿಂದ ತಡೆ ಬಿತ್ತು. ಕರ್ನಾಟಕದಲ್ಲೂ 2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ನೂಕುನುಗ್ಗಲಾದಾಗ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಆನ್‌ಲೈನ್ ಟಿಕೆಟ್ ವ್ಯವಸ್ಥೆ ತರಲಾಯಿತು. ಹೈಕೋರ್ಟಿನ ಆದೇಶ ಬೇಕಾದದ್ದೇ, ಆದರೆ ಅದು ಹೊರಗಿನಿಂದ ಬಂದದ್ದರಿಂದ ಕೆಲವು ಪ್ರಶ್ನೆಗಳು ಬಾಕಿ ಉಳಿಯುತ್ತವೆ. ಡೇರೆ, ಹೇಸರಗತ್ತೆ, ಅಡುಗೆಯ ಕೆಲಸವನ್ನೇ ನಂಬಿದ್ದ ತಪ್ಪಲಿನ ಹಳ್ಳಿಗಳ ಆದಾಯಕ್ಕೆ ಇದರಿಂದ ಪೆಟ್ಟು ಬಿತ್ತು. ರೂಪಕುಂಡದ ಮಗ್ಗುಲಲ್ಲೇ ಹಾದುಹೋಗುವ, 12 ವರ್ಷಕ್ಕೊಮ್ಮೆ ನಡೆಯುವ ರೂಢಿಯ ನಂದಾದೇವಿ ರಾಜಜಾತ್ ಯಾತ್ರೆಗೆ 2014ರಲ್ಲಿ ಸಾವಿರಾರು ಜನ ಸೇರಿದ್ದರು. ಅದೇ ಹುಲ್ಲುಗಾವಲಿನಲ್ಲಿ ದೇವಿಯ ಜೊತೆ ಬಂದವರ ತಲೆ ಎಣಿಸುವ ಅಧಿಕಾರ ನ್ಯಾಯಾಲಯದ್ದೋ, ದೇವಿಯನ್ನು ಹೊತ್ತ ಹಳ್ಳಿಗಳದ್ದೋ ಎಂಬುದನ್ನು ಆದೇಶವೊಂದೇ ಬಗೆಹರಿಸಲಾರದು.