ಸ್ಥಾನಭ್ರಂಶವೂ ಕಾಯಕನಿಷ್ಠೆಯೂ

ಸ್ಥಾನದಿಂದ ಜಾರಿದ ಹಲ್ಲು, ಕೂದಲು, ಉಗುರುಗಳ ಸಾಲಿನಲ್ಲಿಯೇ ಮನುಷ್ಯನನ್ನೂ ನಿಲ್ಲಿಸಿ, ನೆಲೆ ತಪ್ಪಿದ ಮೇಲೆ ಇವುಗಳಿಗೆ ಶೋಭೆಯಿಲ್ಲವೆಂದು ಸಾರುವ ನೀತಿಶ್ಲೋಕವೊಂದುಂಟು. ಸಂಸ್ಕೃತ ಪಾಠಶಾಲೆಯ ಮೊದಲ ವರ್ಷದಲ್ಲಿಯೇ ಅದು ಬಾಲಕರ ಬಾಯಿಗೆ ಬರುತ್ತದೆ. ಇತ್ತ ಶಿವಶರಣರ ದರ್ಶನದಲ್ಲಿ ನಿಂತುದಕ್ಕಿಂತ ನಡೆವುದಕ್ಕೆ ಹಿರಿಮೆ. ಸ್ಥಾವರಕ್ಕಿಂತ ಜಂಗಮವು ಮೇಲು. ಎರಡು ಪಾಠಗಳೂ ಒಂದೇ ಸೂರಿನಡಿಯಲ್ಲಿ, ಕೆಲವೊಮ್ಮೆ ಒಂದೇ ದಿನ, ಬೋಧಿಸಲ್ಪಡುತ್ತವೆ. ವಿದ್ಯಾರ್ಥಿಗಳು ಎರಡನ್ನೂ ಕಂಠಸ್ಥ ಮಾಡಿಕೊಂಡು ಸುಮ್ಮನಿರುತ್ತಾರೆ. ಆದರೆ ತನ್ನ ಇಚ್ಛೆಯಿಂದ ನಡೆಯದೆ ಪರರಿಂದ ನಡೆಸಲ್ಪಟ್ಟವನ ಗತಿಯೇನು? ನೆಲೆ ತಪ್ಪಿದ ಮಾತ್ರಕ್ಕೆ ಆತನು ಕೆಟ್ಟನೆನ್ನಬೇಕೆ? ಚಲಿಸುತ್ತಿರುವ ಮಾತ್ರಕ್ಕೆ ಆತನನ್ನು ಜಂಗಮನೆನ್ನಬೇಕೆ? ಅಂಥವನ ಕಾಯಕಕ್ಕೆ ನಿಷ್ಠೆಯೆಂಬುದು ಎಲ್ಲಿ ಬೇರೂರಬೇಕು?

ಈ ಪ್ರಶ್ನೆಯನ್ನು ವಿಚಾರಿಸಲು ದೂರದ ಅಮೆರಿಕದ ಒಬ್ಬ ಆಟಗಾರನ ಜೀವಿತವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮಠದ ಪತ್ರಿಕೆಯಲ್ಲಿ ಚೆಂಡಾಟದ ಪ್ರಸಂಗವೇಕೆಂದು ವಾಚಕರು ಹುಬ್ಬೇರಿಸಬಾರದು. ಹಗ್ಗ ಹೊಸೆಯುವುದನ್ನೂ ಕಟ್ಟಿಗೆ ಮಾರುವುದನ್ನೂ ದೋಣಿ ನಡೆಸುವುದನ್ನೂ ಅನುಭಾವದ ಮಾತಿಗೆ ತಂದವರು ನಮ್ಮ ಶರಣರು. ಅವರ ಮುಂದೆ ಚೆಂಡು ಎಸೆಯುವ ಕೈ ಅನರ್ಹವೆನಿಸಲಾರದು.

ಬೇಸ್‌ಬಾಲ್ ಎಂಬ ಆ ಆಟದಲ್ಲಿ ಪಿಚರ್ ಎಂಬವನು ನಮ್ಮ ಕ್ರಿಕೆಟ್ಟಿನ ಬೌಲರನಿಗೆ ಸಮಾನನೆನ್ನಬಹುದು. ಆದರೆ ಅವನು ಓಡಿ ಬರುವುದಿಲ್ಲ. ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು, ಮೊಣಕೈಯನ್ನು ಮಡಿಸಿ, ಅರವತ್ತು ಅಡಿ ಆರು ಅಂಗುಲ ದೂರಕ್ಕೆ ಚೆಂಡನ್ನು ನೆಲ ಸೋಕದಂತೆ ಎಸೆಯುತ್ತಾನೆ. ಗುರಿ ತಪ್ಪಿದ ಚೆಂಡುಗಳು ನಾಲ್ಕಾದರೆ ಎದುರಾಳಿಗೆ ಮೊದಲನೆಯ ನೆಲೆಯು ಹೊಡೆಯದೆಯೇ ದಕ್ಕುತ್ತದೆ. ಆಟದ ಗೆಲುವನ್ನಾಗಲಿ ಸೋಲನ್ನಾಗಲಿ ಪಿಚರನೊಬ್ಬನ ಹೆಸರಿನಲ್ಲಿ ಬರೆದಿಡುವುದು ಅಲ್ಲಿಯ ರೂಢಿ. ತಂಡದಿಂದ ತಂಡಕ್ಕೆ ಅಲೆಯುವ ಇಂಥ ಆಟಗಾರನಿಗೆ ಅವರು ‘ಜರ್ನಿಮನ್’ ಎನ್ನುತ್ತಾರೆ. ಪಯಣಿಗನೆಂದೇ ಬಹುಜನರು ಅರ್ಥ ಮಾಡುವರು, ಅದು ಸರಿಯಲ್ಲ. ಶಬ್ದದ ಮೂಲದಲ್ಲಿರುವುದು ಫ್ರೆಂಚ್ ಭಾಷೆಯ ‘ದಿನ’. ಕಸುಬನ್ನು ಕಲಿತು ಮುಗಿಸಿಯೂ ಸ್ವಂತ ಅಂಗಡಿಯಿಲ್ಲದೆ ಪರರ ಕಮ್ಮಟದಲ್ಲಿ ದಿನದ ಕೂಲಿಗೆ ದುಡಿಯುವ ಕುಶಲಕರ್ಮಿಯೇ ಜರ್ನಿಮನ್. ಈ ನಿರುಕ್ತವು ನಮ್ಮ ವಿಚಾರಕ್ಕೆ ಮುಂದೆ ಬಹಳ ಉಪಕಾರಿಯಾಗುವುದು.

ಎಡ್ವಿನ್ ಜಾಕ್ಸನ್ ಹುಟ್ಟಿದ್ದು 1983ರ ಸೆಪ್ಟೆಂಬರ್ 9ರಂದು, ಜರ್ಮನಿಯ ನೊಯ್-ಉಲ್ಮ್ ಎಂಬ ಊರಿನಲ್ಲಿ. ತಂದೆ ಅಮೆರಿಕದ ಸೈನ್ಯದಲ್ಲಿದ್ದುದರಿಂದ ಜನನವೇ ಪರಸ್ಥಳದಲ್ಲಾಯಿತು. 2003ರಲ್ಲಿ ತನ್ನ ಇಪ್ಪತ್ತನೆಯ ಹುಟ್ಟುಹಬ್ಬದ ದಿನವೇ ಲಾಸ್ ಏಂಜಲಿಸ್ಸಿನ ಡಾಡ್ಜರ್ಸ್ ತಂಡದ ಪರವಾಗಿ ಮೊದಲ ಬಾರಿಗೆ ದಿಬ್ಬವೇರಿ, ಆ ಕಾಲದ ಮಹಾರಥಿಯಾದ ರ‍್ಯಾಂಡಿ ಜಾನ್ಸನ್ನನ ಎದುರು ಗೆದ್ದನು. ಇಂಥ ಆರಂಭವನ್ನು ಕಂಡವರು ಈತನು ಅಲ್ಲಿಯೇ ಬೇರೂರಿ ಹೆಮ್ಮರವಾಗುವನೆಂದು ಎಣಿಸಿದ್ದರೆ ಆಶ್ಚರ್ಯವಿಲ್ಲ. ಆದುದು ಬೇರೆ. 2006ರಲ್ಲಿ ಟ್ಯಾಂಪಾ ಬೇ, 2009ರಲ್ಲಿ ಡೆಟ್ರಾಯಿಟ್, 2010ರಲ್ಲಿ ಅರಿಜೋನಾ, ಅದೇ ವರ್ಷ ಷಿಕಾಗೋ, 2011ರಲ್ಲಿ ಸೇಂಟ್ ಲೂಯಿಸ್, 2012ರಲ್ಲಿ ವಾಷಿಂಗ್ಟನ್, ಮತ್ತೆ ಷಿಕಾಗೋದ ಇನ್ನೊಂದು ತಂಡ, ಅಟ್ಲಾಂಟಾ, ಮಯಾಮಿ, ಸ್ಯಾನ್ ಡಿಯೇಗೋ, ಬಾಲ್ಟಿಮೋರ್, ಓಕ್‌ಲ್ಯಾಂಡ್. ಕೊನೆಗೆ 2019ರ ಮೇ 15ರಂದು ಟೊರಾಂಟೋದ ಅಂಗಿಯನ್ನು ತೊಟ್ಟಾಗ ಅದು ಹದಿನಾಲ್ಕನೆಯ ತಂಡ. ಅದಕ್ಕೆ ಮುಂಚೆ ಹದಿಮೂರು ತಂಡಗಳಲ್ಲಿ ಆಡಿದ್ದ ಆಕ್ಟೇವಿಯೋ ಡೋಟೆಲನ ದಾಖಲೆಯು ಅಂದು ಹಿಂದೆ ಬಿದ್ದಿತು. 2025ರಲ್ಲಿ ರಿಚ್ ಹಿಲ್ ಎಂಬ ಮತ್ತೊಬ್ಬ ಪಿಚರನು ಹದಿನಾಲ್ಕರ ಲೆಕ್ಕವನ್ನು ಸರಿಗಟ್ಟಿದ್ದಾನೆ. ಇದರಲ್ಲೊಂದು ವಿನೋದವೂ ಉಂಟು: 2011ರ ಜುಲೈ 27ರಂದು ಜಾಕ್ಸನ್ನನನ್ನು ಷಿಕಾಗೋದವರು ಟೊರಾಂಟೋಕ್ಕೆ ಕೊಟ್ಟರು, ಟೊರಾಂಟೋದವರು ಅದೇ ದಿನ ಸೇಂಟ್ ಲೂಯಿಸ್ಸಿಗೆ ಕೊಟ್ಟುಬಿಟ್ಟರು. ಕೆಲವು ಗಂಟೆಗಳ ಮಟ್ಟಿಗೆ ಒಂದು ಊರಿನವನಾಗಿ, ಆ ಊರಿನ ಪರವಾಗಿ ಒಂದು ಚೆಂಡನ್ನೂ ಎಸೆಯದೆ ದಾಟಿದವನು ಎಂಟು ವರ್ಷಗಳ ಮೇಲೆ ನಿಜವಾಗಿಯೂ ಅಲ್ಲಿಗೆ ಸೇರಿದನು.

ಈತನ ಜೀವಿತದ ಅತ್ಯುನ್ನತ ದಿನವು 2010ರ ಜೂನ್ 25. ಅರಿಜೋನಾದ ಪರವಾಗಿ, ತನ್ನನ್ನು ಹಿಂದೆ ಬಿಟ್ಟುಕೊಟ್ಟಿದ್ದ ಟ್ಯಾಂಪಾ ಬೇ ತಂಡದ ಮೇಲೆ, ಅವರದೇ ಅಂಗಣದಲ್ಲಿ ಆಡಿದ ಆಟವದು. ಗುರಿಯು ಕೈಗೆ ಒಲಿದಿರಲಿಲ್ಲ. ಮೂರನೆಯ ಸರದಿಯಲ್ಲಿ ಒಬ್ಬನೂ ಔಟಾಗುವ ಮೊದಲೇ ಮೂರು ನೆಲೆಗಳೂ ಎದುರಾಳಿಗಳಿಂದ ತುಂಬಿಹೋದುವು. ತುಂಬಿಸಿದ್ದು ಅವರ ಹೊಡೆತವಲ್ಲ, ಈತನದೇ ಗುರಿತಪ್ಪು. ಅಲ್ಲಿಂದ ಒಂದು ಓಟವನ್ನೂ ಕೊಡದೆ ಪಾರಾದನು. ಆಟ ಮುಗಿದಾಗ ಎಂಟು ಜನರಿಗೆ ಪುಕ್ಕಟೆಯಾಗಿ ನೆಲೆಯನ್ನು ಕೊಟ್ಟಿದ್ದನು. 149 ಚೆಂಡುಗಳನ್ನು ಎಸೆದಿದ್ದನು. ಈ ಕಾಲದಲ್ಲಿ ಸುಮಾರು ನೂರಕ್ಕೆ ಪಿಚರನನ್ನು ನಿಲ್ಲಿಸುವುದು ವಾಡಿಕೆ. ಆದರೆ ಎದುರು ತಂಡದವರಲ್ಲಿ ಒಬ್ಬನಿಗೂ ಒಂದೇ ಒಂದು ಸಿಂಧುವಾದ ಹೊಡೆತವು ಸಿಕ್ಕಿರಲಿಲ್ಲ. ಒಂದಕ್ಕೆ ಸೊನ್ನೆಯಿಂದ ಗೆಲುವು. ಅಲ್ಲಿಯವರು ‘ನೋ-ಹಿಟ್ಟರ್’ ಎಂದು ಕೊಂಡಾಡುವ ಈ ಸಾಧನೆಯು ಅನೇಕ ಪ್ರಖ್ಯಾತರಿಗೂ ಜೀವಮಾನದಲ್ಲಿ ದೊರೆಯದು. ಇದಾಗಿ ಐದು ವಾರಗಳಾದುವು. ಅರಿಜೋನಾದವರು ಈತನನ್ನು ಷಿಕಾಗೋಕ್ಕೆ ಸಾಗಿಸಿದರು.

ನೀತಿಶ್ಲೋಕವನ್ನು ನಾನು ಅನುಮಾನಿಸುವುದು ಇಲ್ಲಿಯೇ. ಹಲ್ಲು ತನ್ನ ನೆಲೆಯಲ್ಲಿ ಸಡಿಲವಾದುದರಿಂದ ಬೀಳುತ್ತದೆ. ಈತನಾದರೋ ಕಾಯಕವು ಶಿಖರಕ್ಕೇರಿದಾಗಲೇ ನೆಲೆ ತಪ್ಪಿದನು. ಸ್ಥಾನವು ಗುಣದ ಫಲವೆಂದೂ ಸ್ಥಾನನಾಶವು ದೋಷದ ಫಲವೆಂದೂ ಲೋಕವು ಕಟ್ಟಿಕೊಂಡ ಗಣಿತ ಈ ಒಂದು ಉದಾಹರಣೆಯ ಮುಂದೆ ನಿಲ್ಲಲಾರದು.

ಹಾಗೆಂದು ಅವಸರದಿಂದ ಜಾಕ್ಸನ್ನನನ್ನು ಜಂಗಮನೆಂದು ಕರೆಯುವುದೂ ಸಲ್ಲದು. ನಮ್ಮಲ್ಲಿ ಸ್ವಯ, ಚರ, ಪರವೆಂದು ಜಂಗಮಕ್ಕೆ ಮೂರು ಭೇದ. ಚರಜಂಗಮನು ಒಂದೆಡೆ ನಿಲ್ಲದೆ ಸಂಚರಿಸುವನಾದರೂ ಅವನನ್ನು ಸಂಚರಿಸಗೊಡುವುದು ಆತನ ನಿರಪೇಕ್ಷೆ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆಯನ್ನು ಹೊತ್ತರೆಂದು ನಮ್ಮ ಪರಂಪರೆ ಹೇಳುತ್ತದೆ. ಅದೂ ಸ್ಥಾನತ್ಯಾಗ, ಆದರೆ ಅಟ್ಟಿದವರು ಯಾರೂ ಇಲ್ಲ. ಜಾಕ್ಸನ್ನನ ಮೊದಲ ಆರು ಸ್ಥಳಾಂತರಗಳಾದರೋ ತಂಡಗಳ ಒಡೆಯರು ತಮ್ಮತಮ್ಮಲ್ಲೇ ಮಾಡಿಕೊಂಡ ವಿನಿಮಯಗಳು. ಈ ಎತ್ತನ್ನು ಕೊಟ್ಟು ಆ ಎರಡು ಕರುಗಳನ್ನು ಹೊಡೆದುಕೊಂಡು ಹೋಗುವ ಜಾತ್ರೆಯ ವ್ಯವಹಾರಕ್ಕೂ ಇದಕ್ಕೂ ರೂಪದಲ್ಲಿ ವ್ಯತ್ಯಾಸವು ಅಲ್ಪ.

ಈ ಮಾತನ್ನು ಅಲ್ಲಿಯವರೇ ಆಡಿದ್ದಾರೆ. ಕರ್ಟ್ ಫ್ಲಡ್ ಎಂಬ ನೀಗ್ರೋ ವಂಶದ ಆಟಗಾರನನ್ನು ಹನ್ನೆರಡು ವರ್ಷಗಳ ಸೇವೆಯ ಅನಂತರ 1969ರಲ್ಲಿ ಸೇಂಟ್ ಲೂಯಿಸ್ಸಿನವರು ಫಿಲಡೆಲ್ಫಿಯಾಕ್ಕೆ ಬದಲಿಕೊಟ್ಟಾಗ, ತನ್ನ ಇಚ್ಛೆಯನ್ನು ಕೇಳದೆ ಕೊಂಡು ಮಾರುವುದಕ್ಕೆ ತಾನು ಆಸ್ತಿಯಲ್ಲವೆಂಬ ಭಾವದ ಪತ್ರವನ್ನು ಆಟದ ಮುಖ್ಯಾಧಿಕಾರಿಗೆ ಬರೆದು ಆತನು ನ್ಯಾಯಾಲಯಕ್ಕೆ ಹೋದನು. ಸಂಬಳವು ಒಳ್ಳೆಯದೇ ಇದ್ದಿತು. ಸಂಬಳದ ಪ್ರಶ್ನೆ ಅದಾಗಿರಲಿಲ್ಲ. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದಕ್ಕೆ ಮೂರು ಮತಗಳಿಂದ ಆತನ ವಿರುದ್ಧ ತೀರ್ಪಿತ್ತಿತು. ಆತನು ಸೋತರೂ ಕಟ್ಟು ಸಡಿಲವಾಗತೊಡಗಿತು. ಕರಾರು ಮುಗಿದ ಮೇಲೆಯೂ ಆಟಗಾರನನ್ನು ಹಿಡಿದಿಡುತ್ತಿದ್ದ ನಿಬಂಧನೆಯನ್ನು 1975ರಲ್ಲಿ ಪಂಚಾಯಿತಿದಾರನಾದ ಪೀಟರ್ ಸೈಟ್ಸನು ಇಬ್ಬರು ಪಿಚರರ ಮೊಕದ್ದಮೆಯಲ್ಲಿ ಮುರಿದನು. ಅದಕ್ಕೂ ಮುಂಚೆ, 1973ರ ಒಪ್ಪಂದದಲ್ಲಿ, ಹತ್ತು ವರ್ಷ ಸೇವೆ ಸಲ್ಲಿಸಿ ಅದರಲ್ಲಿ ಕೊನೆಯ ಐದು ವರ್ಷಗಳನ್ನು ಒಂದೇ ತಂಡದಲ್ಲಿ ಕಳೆದವನನ್ನು ಅವನ ಒಪ್ಪಿಗೆಯಿಲ್ಲದೆ ಸಾಗಿಸಕೂಡದೆಂಬ ನಿಯಮವು ಬಂದಿತು.

ಈ ನಿಯಮದ ಸ್ವಾರಸ್ಯವನ್ನು ಗಮನಿಸಬೇಕು. ಕದಲದೆ ನಿಂತವನಿಗೆ ಕದಲಿಸದಿರುವ ಅಭಯ! ಪದೇ ಪದೇ ಕದಲಿಸಲ್ಪಟ್ಟ ಜಾಕ್ಸನ್ನನಂಥವನು ಹದಿನೇಳು ವರ್ಷ ಎಸೆದರೂ ಎಲ್ಲಿಯೂ ಐದು ವರ್ಷ ತುಂಬದ ಕಾರಣ ಆ ಅಭಯವು ಅವನಿಗಿಲ್ಲ. ಇದು ಅಮೆರಿಕದ ದೋಷವೆಂದು ನಾವು ಮೂಗು ಮುರಿಯಬೇಕಾಗಿಲ್ಲ. ಉಳ್ಳವರ ಸ್ಥಾವರಕ್ಕೇ ಕಾವಲು ಹೆಚ್ಚು ಎಂಬುದು ಕಲ್ಯಾಣದಲ್ಲಿಯೂ ಅರಿಯದ ಸಂಗತಿಯಾಗಿರಲಿಲ್ಲ.

ಹಾಗಾದರೆ ಈತನ ನಿಷ್ಠೆಯು ಎಲ್ಲಿತ್ತು? ತಂಡದಲ್ಲಿತ್ತೆನ್ನಲಾಗದು, ಇಂದು ಯಾರ ಪರವೋ ನಾಳೆ ಅವರ ಎದುರು. ಕೂಲಿಯಲ್ಲಿತ್ತೆಂದು ಪ್ರತಿವಾದಿಯು ಹೇಳಿಯಾನು. ಈ ಪೂರ್ವಪಕ್ಷವು ಬಲವಾದುದು. ಏಕೆಂದರೆ 2013ರಲ್ಲಿ ಷಿಕಾಗೋದ ಕಬ್ಸ್ ತಂಡವು ನಾಲ್ಕು ವರ್ಷಗಳಿಗೆ 5 ಕೋಟಿ 20 ಲಕ್ಷ ಡಾಲರುಗಳನ್ನು ಕೊಡುವ ಕರಾರನ್ನು ಈತನೊಡನೆ ಮಾಡಿಕೊಂಡಿತು. ಅಂದಿನ ಅಗತ್ಯಕ್ಕಿಂತ ಮಿಗಿಲಾಗಿ ಅಕ್ಕಿಯನ್ನು ಆಯ್ದು ತಂದ ಪತಿಗೆ ಅದನ್ನು ತಿರುಗಿ ಸುರಿದು ಬಾರೆಂದು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಣ್ಣಿನಿಂದ ನೋಡಿದರೆ ಇದು ಕಾಯಕದ ಪ್ರತಿಫಲವೆನಿಸಲಾರದು, ರಾಶಿ. ಅದನ್ನು ಸಮರ್ಥಿಸುವ ಗೊಡವೆಗೆ ನಾನು ಹೋಗುವುದಿಲ್ಲ. ಅಷ್ಟಲ್ಲದೆ ಆ ರಾಶಿಗೆ ತಕ್ಕ ಕೆಲಸವೂ ಆಗಲಿಲ್ಲ. ಮೊದಲ ವರ್ಷವೇ ಎಂಟು ಗೆಲುವು, ಹದಿನೆಂಟು ಸೋಲು. ಮರುವರ್ಷ ಆರು ಗೆಲುವು, ಹದಿನೈದು ಸೋಲು. 2015ರ ಜುಲೈಯಲ್ಲಿ ತಂಡವು ಈತನನ್ನು ಬಿಡುಗಡೆ ಮಾಡಿತು.

ಆದರೆ ಪ್ರತಿವಾದಿಯು ಇಲ್ಲಿ ಒಂದು ಸೂಕ್ಷ್ಮವನ್ನು ಕಾಣಬೇಕು. ಬಿಡುಗಡೆಯಾದರೂ ಕರಾರಿನ ಹಣ ಖಚಿತ. 2016ರ ಕೊನೆಯವರೆಗೆ ಕಬ್ಸ್ ತಂಡವು ಅದನ್ನು ತೆರಲೇಬೇಕು. ಬೇರೆ ತಂಡಕ್ಕೆ ಸೇರಿದರೆ ಆ ತಂಡದವರು ಕೊಡುವ ಕನಿಷ್ಠ ವೇತನವು ಕಬ್ಸ್ ಕೊಡಬೇಕಾದುದರಲ್ಲಿ ಕಳೆದುಹೋಗುತ್ತದೆ. ಅಂದರೆ ಮನೆಯಲ್ಲಿ ಕುಳಿತರೂ ಬರುವುದು ಅಷ್ಟೇ, ಎಸೆದರೂ ಬರುವುದು ಅಷ್ಟೇ. ಜಾಕ್ಸನ್ನನು ಮನೆಯಲ್ಲಿ ಕೂರಲಿಲ್ಲ. ಅಟ್ಲಾಂಟಾಕ್ಕೆ ಹೋದನು, ಮಯಾಮಿಗೆ ಹೋದನು. ಅಲ್ಲಿಯೂ ಬೇಡವಾದಾಗ ಸ್ಯಾನ್ ಡಿಯೇಗೋಕ್ಕೆ ಹೋದನು. ಆ 2016ರಲ್ಲಿಯೇ, ಈತನಿಗೆ ಹಣ ತೆರುತ್ತಿದ್ದ ಕಬ್ಸ್ ತಂಡವು 1908ರ ಅನಂತರ ಮೊದಲ ಬಾರಿಗೆ ವಿಶ್ವಸರಣಿಯನ್ನು ಗೆದ್ದಿತು, ಈತನು ಅದರಲ್ಲಿರಲಿಲ್ಲ.

ಕೂಲಿಯೂ ಕೆಲಸವೂ ಹೀಗೆ ಒಂದರಿಂದೊಂದು ಬೇರ್ಪಟ್ಟ ಸ್ಥಿತಿ ಲೋಕದಲ್ಲಿ ಅಪರೂಪ. ನಮ್ಮಲ್ಲಿ ಹೆಚ್ಚಿನವರಿಗೆ ಅವೆರಡೂ ಹೆಣೆದುಕೊಂಡೇ ಇರುವುದರಿಂದ, ನಾವು ದುಡಿಯುವುದು ಯಾವುದಕ್ಕೋಸ್ಕರವೆಂದು ನಮಗೇ ತಿಳಿಯದು. ನಿವೃತ್ತಿವೇತನ ಬಂದ ಮರುದಿನ ತನ್ನ ಮೂವತ್ತು ವರ್ಷಗಳ ವಿದ್ಯೆಯನ್ನು ಅಟ್ಟಕ್ಕೆ ಎಸೆದವರನ್ನು ಕಂಡಿದ್ದೇನೆ. ಸಂಬಳವಿಲ್ಲದೆಯೂ ಸಂಜೆಯಲ್ಲಿ ಹುಡುಗರನ್ನು ಕೂರಿಸಿಕೊಂಡು ಶಬ್ದಮಣಿದರ್ಪಣವನ್ನು ಹೇಳಿಕೊಡುವವರನ್ನೂ ಕಂಡಿದ್ದೇನೆ. ಸೇವೆಯಲ್ಲಿದ್ದಾಗ ಈ ಇಬ್ಬರಲ್ಲಿ ಭೇದವು ಯಾರಿಗೂ ಕಾಣುತ್ತಿರಲಿಲ್ಲ.

ಫಲದ ಮಾತೊಂದು ಉಳಿಯಿತು. ಜಾಕ್ಸನ್ನನ ಲೆಕ್ಕದಲ್ಲಿ 107 ಗೆಲುವು, 133 ಸೋಲು. ಒಂಬತ್ತು ಸರದಿಗಳಿಗೆ ಸರಾಸರಿ 4.78 ಓಟಗಳನ್ನು ಬಿಟ್ಟುಕೊಟ್ಟಿದ್ದಾನೆ. ಇದು ಶ್ರೇಷ್ಠರ ಲೆಕ್ಕವಲ್ಲ. ಭಾವುಕತೆಯಿಂದ ಇದನ್ನು ಮರೆಮಾಡಬಾರದು. 2011ರ ವಿಶ್ವಸರಣಿಯನ್ನು ಈತನ ಸೇಂಟ್ ಲೂಯಿಸ್ ತಂಡವು ಗೆದ್ದಿತಾದರೂ ಈತನು ಆರಂಭಿಸಿದ ನಾಲ್ಕನೆಯ ಆಟವು ಸೋಲೇ ಆಯಿತು. ಹೀಗಿದ್ದೂ ಹದಿನಾಲ್ಕು ತಂಡಗಳು ಈತನನ್ನು ಕರೆದುದೇಕೆ? ಎಲ್ಲ ತಂಡಗಳಿಗೂ ಮಹಾರಥಿಗಳು ಸಿಗುವುದಿಲ್ಲ. ಸರದಿ ಬಂದ ದಿನ ದಿಬ್ಬವೇರಿ ಐದಾರು ಸರದಿಗಳನ್ನು ಹೊತ್ತು ಸಾಗಿಸುವ ಒಂದು ಗಟ್ಟಿ ತೋಳು ಎಲ್ಲರಿಗೂ ಬೇಕು. 2018ರಲ್ಲಿ ಓಕ್‌ಲ್ಯಾಂಡಿನವರಿಗೆ ಅಂಥ ತೋಳು ಬೇಕಾಯಿತು. ಮೂವತ್ತನಾಲ್ಕು ವರ್ಷದ ಈತನು ಆ ವರ್ಷ ಹದಿನೇಳು ಆಟಗಳನ್ನು ಆರಂಭಿಸಿ ಆರನ್ನು ಗೆದ್ದು ಮೂರನ್ನು ಸೋತನು. ಆ ತಂಡ ಅಂತಿಮ ಹಂತದ ಪಂದ್ಯಕ್ಕೆ ಅರ್ಹತೆ ಪಡೆಯಿತು. ನುಲಿಯ ಚಂದಯ್ಯನವರ ಹಗ್ಗವು ಕಲ್ಯಾಣದಲ್ಲಿ ಎಲ್ಲಕ್ಕಿಂತ ಉತ್ತಮವಾದ ಹಗ್ಗವಾಗಿತ್ತೆಂದು ಶೂನ್ಯಸಂಪಾದನೆಯು ಎಲ್ಲಿಯೂ ಹೇಳುವುದಿಲ್ಲ. ಅಂಗದಿಂದ ಲಿಂಗವೇ ಜಾರಿದರೂ ಅವರು ಹುಲ್ಲಿನ ಹೊರೆಯನ್ನು ಬಿಡಲಿಲ್ಲವೆಂಬುದನ್ನು ಮಾತ್ರ ಹೇಳುತ್ತದೆ.

ಷಟ್‌ಸ್ಥಲದಲ್ಲಿ ನಿಷ್ಠೆಯನ್ನು ಮಾಹೇಶ್ವರನಿಗೂ ಅವಧಾನವನ್ನು ಪ್ರಸಾದಿಗೂ ಹೇಳಿರುವುದು ಸರಿಯಷ್ಟೆ. ಹದಿನಾಲ್ಕು ಅಂಗಿಗಳನ್ನು ಬದಲಿಸಿದವನಲ್ಲಿ ಮಾಹೇಶ್ವರನ ನಿಷ್ಠೆಯನ್ನು ಹುಡುಕುವುದು ಅತಿಯಾದೀತು. ಅದು ಲಿಂಗದಲ್ಲಿ ನೆಟ್ಟ ನಿಷ್ಠೆ, ಆಟದ ಮಾತಲ್ಲ. ಆದರೆ ಬಂದ ದಿನವನ್ನು ಬಂದಂತೆ ಸ್ವೀಕರಿಸಿ ಕೈಯಲ್ಲಿರುವ ಒಂದು ಚೆಂಡಿನ ಮೇಲೆ ಮನಸ್ಸನ್ನು ನಿಲ್ಲಿಸುವ ಅವಧಾನದ ಛಾಯೆಯೊಂದು ಈ ದಿನಗೂಲಿಯ ಪಿಚರನಲ್ಲಿ ಉಂಟೆನ್ನಲು ನಾನು ಸಂಕೋಚಪಡುವುದಿಲ್ಲ. ಮೂರು ನೆಲೆಗಳೂ ತುಂಬಿದ್ದಾಗ ಆತನ ಬಳಿ ಇದ್ದುದು ಅದೊಂದೇ.

2019ರಲ್ಲಿಯೇ ಟೊರಾಂಟೋದವರು ಈತನನ್ನು ಕೈಬಿಟ್ಟರು. ಹತ್ತು ವರ್ಷಗಳ ಹಿಂದೆ ತನಗೆ ಶ್ರೇಷ್ಠರ ಪಂದ್ಯದಲ್ಲಿ ಸ್ಥಾನ ದೊರಕಿಸಿದ್ದ ಡೆಟ್ರಾಯಿಟ್ಟಿಗೆ ಮರಳಿ, ಆ ವರ್ಷವನ್ನು ಅಲ್ಲಿ ಮುಗಿಸಿದನು; ಮೇಲಿನ ಶ್ರೇಣಿಯಲ್ಲಿ ಮತ್ತೆ ಎಸೆಯಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ನಿವೃತ್ತಿಯನ್ನು ಸಾರಿದನು. ಇವೆರಡರ ನಡುವೆ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್ ನಡೆಯಿತು. ಅಲ್ಲಿಯ ದೊಡ್ಡ ತಂಡಗಳು ಒಲಿಂಪಿಕ್ಸಿಗಾಗಿ ತಮ್ಮ ಆಟವನ್ನು ನಿಲ್ಲಿಸುವುದಿಲ್ಲ, ತಮ್ಮ ಮುಖ್ಯ ಪಟ್ಟಿಯಲ್ಲಿರುವವರನ್ನು ಕಳುಹಿಸುವುದೂ ಇಲ್ಲ. ಆದುದರಿಂದ ದೇಶದ ಅಂಗಿಯನ್ನು ತೊಡಲು ಆರಿಸಲ್ಪಟ್ಟವರು ಇನ್ನೂ ಸ್ಥಾನ ದೊರೆಯದ ತರುಣರು ಮತ್ತು ಸ್ಥಾನ ಕಳೆದುಕೊಂಡ ಹಳಬರು. ಮೂವತ್ತೇಳು ವರ್ಷದ ಜಾಕ್ಸನ್ನನು ಅವರಲ್ಲೊಬ್ಬನಾಗಿ ಹೋದನು. ಅಂತಿಮ ಪಂದ್ಯದಲ್ಲಿ ಜಪಾನ್ ದೇಶವು ಎರಡಕ್ಕೆ ಸೊನ್ನೆಯಿಂದ ಗೆದ್ದಿತು. ಆ ನೆಲೆಯಿಲ್ಲದವರ ತಂಡಕ್ಕೆ ಬೆಳ್ಳಿಯ ಪದಕವು ಬಂದಿತು.