ಬೇರೆಯವರ ಕಾಲು, ನಮ್ಮ ಪಣ

ಕಾಗದ ಬಂದದ್ದು ೨೦೧೯ರ ಜುಲೈ ತಿಂಗಳಲ್ಲಿ. ಕಾಗದವೆಂದರೆ ಈಗಿನ ಮಿಂಚಂಚೆಯೇ; ಆದರೆ ಬರೆದವನು ಸ್ವಲ್ಪ ಹಳೆಯ ರೀತಿಯವನು, ‘ಮೇಷ್ಟ್ರಿಗೆ ನಮಸ್ಕಾರಗಳು, ಕ್ಷೇಮ’ ಎಂದೇ ಆರಂಭಿಸುತ್ತಾನೆ. ಹಿಂದೆ ನನ್ನ ತರಗತಿಯಲ್ಲಿ ಕುಳಿತು ಕುಮಾರವ್ಯಾಸನ ದ್ಯೂತಪ್ರಸಂಗವನ್ನು ಕೇಳಿದ ಹುಡುಗ. ಈಗ ಇಂಗ್ಲೆಂಡಿನಲ್ಲಿ ನೆಲಸಿ ಅಲ್ಲಿಯ ಸಂಬಳಕ್ಕೂ ಚಳಿಗೂ ಹವ್ಯಾಸಗಳಿಗೂ ಒಗ್ಗಿಕೊಂಡಿದ್ದಾನೆ. ಫ್ರಾನ್ಸಿನ ದೊಡ್ಡ ಸೈಕಲ್ ಪಂದ್ಯದಲ್ಲಿ ಒಂದು ದಿನದ ಓಟದ ಮೇಲೆ ಇಪ್ಪತ್ತು ಪೌಂಡು ಬಾಜಿ ಕಟ್ಟಿದ್ದನಂತೆ. ಆರೇ ಆರು ಸೆಕೆಂಡಿನಲ್ಲಿ ಕಳೆದುಕೊಂಡನಂತೆ. ಹಣ ಹೋದದ್ದಕ್ಕೆ ಅವನಿಗೆ ಅಂಥ ವ್ಯಥೆಯೇನೂ ಇರಲಿಲ್ಲ. ಕಾಗದದ ಕೊನೆಯಲ್ಲಿದ್ದ ಒಂದು ಮಾತು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ‘ಕಡೆಯ ಕಾಲು ಗಂಟೆ ನಾನು ದೇವರಲ್ಲಿ ಬೇಡಿಕೊಂಡದ್ದು ನನ್ನವನು ಗೆಲ್ಲಲಿ ಎಂದಲ್ಲ ಮೇಷ್ಟ್ರೇ, ಮುಂದಿದ್ದವನ ಟೈರು ಒಡೆಯಲಿ ಎಂದು.’

ಈ ಮಾತನ್ನು ಅವನು ತಮಾಷೆಯಾಗಿ ಬರೆದನೋ ಪಶ್ಚಾತ್ತಾಪದಿಂದ ಬರೆದನೋ ನನಗೆ ಇಂದಿಗೂ ತಿಳಿಯದು.

ಓಟ ಎಂಥದೆಂಬುದನ್ನು ಮೊದಲು ಹೇಳಬೇಕು. ಟೂರ್ ದ ಫ್ರಾನ್ಸ್ ಎಂಬ ಈ ಪಂದ್ಯ ೧೯೦೩ರಲ್ಲಿ ಆರಂಭವಾಯಿತು. ಈಗ ಅದು ಮೂರು ವಾರ ನಡೆಯುತ್ತದೆ, ದಿನಕ್ಕೊಂದು ಹಂತ. ಪ್ರತಿ ಹಂತಕ್ಕೂ ಒಬ್ಬ ವಿಜೇತ. ಎಲ್ಲ ಹಂತಗಳ ಕಾಲವನ್ನೂ ಕೂಡಿದಾಗ ಯಾರದು ಕಡಮೆಯೋ ಅವನಿಗೆ ಹಳದಿ ಅಂಗಿ. ಬಯಲು ಸೀಮೆಯ ಹಂತವಾದರೆ ಎಲ್ಲರೂ ಹಿಂಡಾಗಿ ಬಂದು ಕಡೆಯ ಇನ್ನೂರು ಮೂನ್ನೂರು ಗಜದಲ್ಲಿ ವೇಗಿಗಳು ನುಗ್ಗುತ್ತಾರೆ. ಆಲ್ಪ್ಸ್ ಪಿರನೀಸ್‌ಗಳ ಮಹಾಪರ್ವತವಾದರೆ ಬಡಕಲು ಮೈಯ, ಉಕ್ಕಿನ ಶ್ವಾಸಕೋಶದ ಕೆಲವೇ ಮಂದಿ ಉಳಿಯುತ್ತಾರೆ. ಇವೆರಡರ ನಡುವಣದು ಗುಡ್ಡಗಾಡಿನ ಹಂತ. ಅಲ್ಲಿ ಏರು ಉಂಟು, ಆದರೆ ಹಿಂಡನ್ನು ಪೂರ್ತಿ ಒಡೆಯುವಷ್ಟು ದೊಡ್ಡದಲ್ಲ. ಇಳಿಜಾರು ಉಂಟು, ಆದರೆ ಕಳೆದುಕೊಂಡ ಕಾಲವನ್ನು ಮರಳಿ ಪಡೆಯುವಷ್ಟು ಉದ್ದವಲ್ಲ. ಬಾಜಿ ಕಟ್ಟುವವರಿಗೆ ಇದು ಬಲು ಪ್ರಿಯ, ಏಕೆಂದರೆ ಇಲ್ಲಿ ಊಹಿಸಬೇಕಾದದ್ದು ಕಾಲಿನ ಬಲವನ್ನಲ್ಲ, ಮನಸ್ಸುಗಳನ್ನು. ಬೆಳಿಗ್ಗೆ ನಾಲ್ಕಾರು ಜನ ತಪ್ಪಿಸಿಕೊಂಡು ಮುಂದೆ ಹೋಗುತ್ತಾರೆ. ಅವರಿಂದ ಹಳದಿ ಅಂಗಿಗೆ ಅಪಾಯವಿಲ್ಲವೆಂದು ಕಂಡರೆ ನಾಯಕನ ತಂಡ ‘ಹೋಗಲಿ’ ಎಂದು ಬಿಟ್ಟುಕೊಡುತ್ತದೆ. ಇತರ ತಂಡಗಳು ಬಿಡುತ್ತವೆಯೇ, ಅಟ್ಟಿಸಿಕೊಂಡು ಹೋಗುತ್ತವೆಯೇ? ಅಟ್ಟಿಸಿಕೊಂಡು ಹೋಗುವ ಖರ್ಚು ಯಾರದು? ಗಾಳಿಗೆ ಎದೆಯೊಡ್ಡುವವನಿಗಿಂತ ಅವನ ಬೆನ್ನಿಗಂಟಿ ಬರುವವನಿಗೆ ಶ್ರಮ ಬಹಳ ಕಡಮೆ. ಆದ್ದರಿಂದ ಪ್ರತಿಯೊಬ್ಬನೂ ಇನ್ನೊಬ್ಬ ಮುಂದಾಗಲಿ ಎಂದು ಕಾಯುತ್ತಾನೆ. ೨೦೧೮ರಿಂದೀಚೆಗೆ ತಂಡಕ್ಕೆ ಎಂಟು ಜನರಂತೆ, ಇಪ್ಪತ್ತಕ್ಕೂ ಹೆಚ್ಚು ತಂಡಗಳು. ಅಷ್ಟೂ ತಲೆಗಳ ಒಳಗೆ ಹೊಕ್ಕು ಬರಬೇಕು, ಒಂದು ಹೆಸರಿನ ಮೇಲೆ ಹಣವಿಡಬೇಕು.

ಆ ಜುಲೈ ೧೩ರ ಹಂತ ಮಾಕೋನ್‌ನಿಂದ ಸೇಂತ್ ಎತಿಯೆನ್‌ವರೆಗೆ, ೨೦೦ ಕಿಲೋಮೀಟರು. ಲೆಕ್ಕಕ್ಕೆ ಸೇರಿದ ಏರುಗಳು ಏಳು. ಸೇಂತ್ ಎತಿಯೆನ್ ಒಂದು ಕಾಲಕ್ಕೆ ಫ್ರಾನ್ಸಿನ ಸೈಕಲ್ ತಯಾರಿಕೆಗೆ ಹೆಸರಾಗಿದ್ದ ಊರು. ಬೆಲ್ಜಿಯಮಿನ ಥಾಮಸ್ ದ ಗೆಂಟ್ ಎಂಬಾತ ಹೊರಟ ಗಳಿಗೆಯಿಂದಲೇ ಮುಂದೆ ಹೋದ. ಜೊತೆಗೆ ಬಂದ ಮೂವರು ಒಬ್ಬೊಬ್ಬರಾಗಿ ಹಿಂದುಳಿದರು. ಕಡೆಯ ಏರಿನಲ್ಲಿ ಅಲಾಫಿಲಿಪ್, ಪಿನೋ ಎಂಬ ಇಬ್ಬರು ಫ್ರೆಂಚರು ಹಿಂಡಿನಿಂದ ಸಿಡಿದು ಅವನನ್ನು ಬೆನ್ನಟ್ಟಿದರು. ದ ಗೆಂಟ್ ಆರು ಸೆಕೆಂಡು ಮೊದಲು ಗೆರೆ ದಾಟಿದ. ನನ್ನ ಶಿಷ್ಯನ ಇಪ್ಪತ್ತು ಪೌಂಡು ಇದ್ದದ್ದು ಅಲಾಫಿಲಿಪ್ ಮೇಲೆ.

ಕಾಗದದಲ್ಲಿ ಅವನು ತನ್ನ ಪರವಾಗಿ ವಾದವನ್ನೂ ಹೂಡಿದ್ದ. ನನ್ನನ್ನು ಬಲ್ಲವನಾದ್ದರಿಂದ ನಾನು ಏನೆನ್ನುವೆನೆಂಬುದನ್ನು ಮೊದಲೇ ಊಹಿಸಿದ್ದನೆಂದು ಕಾಣುತ್ತದೆ. ಇಂಗ್ಲೆಂಡಿನಲ್ಲಿ ೧೯೬೧ರಿಂದಲೂ ಬಾಜಿಯ ಅಂಗಡಿಗಳು ಬೀದಿಯಲ್ಲೇ ಕಾನೂನಿನ ಪ್ರಕಾರ ಬಾಗಿಲು ತೆರೆದು ಕುಳಿತಿವೆ, ಆದ್ದರಿಂದ ಕಳ್ಳತನವಿಲ್ಲ. ಹೋದದ್ದು ತನ್ನ ಹಣ. ಹೆಂಡತಿ ಮಕ್ಕಳ ಅನ್ನದ್ದಲ್ಲ. ಮತ್ತು ಇದು ಜೂಜಲ್ಲ, ವಿದ್ಯೆ: ರಸ್ತೆಯ ಏರು, ಗಾಳಿಯ ದಿಕ್ಕು, ಹಿಂದಿನ ದಿನದ ಆಯಾಸ, ತಂಡಗಳ ಹಟ ಎಲ್ಲವನ್ನೂ ಓದಿ ತೂಗಿ ನೋಡಿ ಕಟ್ಟಿದ ಬಾಜಿ.

ಮೊದಲೆರಡು ಮಾತುಗಳಿಗೆ ನನ್ನಲ್ಲಿ ಉತ್ತರವಿಲ್ಲ. ಸಾಲಮಾಡಿ ಜೂಜಾಡಿ ಮನೆ ಹಾಳುಮಾಡಿಕೊಂಡವರ ಕಥೆಯನ್ನು ಹೇಳಿ ಹೆದರಿಸಬಹುದಿತ್ತು. ಆದರೆ ಅದು ಅವನ ಕಥೆಯಲ್ಲ. ಮೂರನೆಯದು ನಿಜವಾಗಿಯೂ ಯೋಚಿಸಬೇಕಾದ ಮಾತು. ನಮ್ಮ ಸರ್ವೋಚ್ಚ ನ್ಯಾಯಾಲಯವೇ ೧೯೯೬ರಲ್ಲಿ ಕುದುರೆ ಪಂದ್ಯವನ್ನು ಕುರಿತು ಅದು ಬರಿಯ ಅದೃಷ್ಟದಾಟವಲ್ಲ, ಮುಖ್ಯವಾಗಿ ಕೌಶಲವನ್ನು ಅವಲಂಬಿಸಿದ್ದೆಂದು ತೀರ್ಪು ಕೊಟ್ಟಿದೆ. ಹಳೆಯ ಕಥೆಯೂ ಅವನ ಪರವಾಗಿಯೇ ಇದೆ. ನಳೋಪಾಖ್ಯಾನದಲ್ಲಿ, ಕಲಿ ಹೊಕ್ಕು ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡ ನಳ ಬಾಹುಕನೆಂಬ ಸಾರಥಿಯಾಗಿ ಋತುಪರ್ಣನ ರಥ ಹೊಡೆಯುತ್ತಿದ್ದಾನೆ. ದಾರಿಯಲ್ಲಿ ಒಂದು ತಾರೆಯ ಮರ. ರಾಜ ಹಾಗೆಯೇ ಒಮ್ಮೆ ನೋಡಿ, ಅದರ ಎಲೆಗಳೆಷ್ಟು ಕಾಯಿಗಳೆಷ್ಟು ಎಂಬುದನ್ನು ಹೇಳಿಬಿಡುತ್ತಾನೆ. ಸ್ವಯಂವರಕ್ಕೆ ಹೊತ್ತಾಗುತ್ತಿದ್ದರೂ ನಳ ರಥ ನಿಲ್ಲಿಸಿ ಎಣಿಸಿ ನೋಡುತ್ತಾನೆ, ಲೆಕ್ಕ ಸರಿಯಾಗಿರುತ್ತದೆ. ಆ ತಾರೆಕಾಯಿಯೇ ಆಗಿನ ಕಾಲದ ದಾಳ ಎಂಬುದನ್ನು ನೆನೆದರೆ ಕಥೆಯ ಸೊಗಸು ಇನ್ನೂ ಹೆಚ್ಚುತ್ತದೆ. ರಾಜ ಅಕ್ಷಹೃದಯವನ್ನು ಕೊಡುತ್ತಾನೆ, ಸಾರಥಿ ಅಶ್ವಹೃದಯವನ್ನು ಕೊಡುವುದಾಗಿ ಒಪ್ಪುತ್ತಾನೆ. ದಾಳದ ವಿದ್ಯೆ ನಳನಿಗೆ ದಕ್ಕಿದ ಕ್ಷಣದಲ್ಲೇ ಕಲಿ ಅವನ ಮೈಬಿಟ್ಟು ಹೊರಬೀಳುತ್ತಾನೆ. ಸಂಖ್ಯೆಯ ಜ್ಞಾನ ಪಾಪವಲ್ಲ. ಅದಿಲ್ಲದೆ ಆಡುವುದೇ ಕಲಿಯ ಕೆಲಸ ಎಂದು ಇದನ್ನು ಓದಬಹುದು.

ಫ್ರಾನ್ಸಿನಲ್ಲೂ ಹಾಗೆಯೇ. ಅರ್ಧಕ್ಕೆ ನಿಂತ ಆಟದ ಪಣವನ್ನು ಹೇಗೆ ಹಂಚಬೇಕೆಂದು ೧೬೫೪ರಲ್ಲಿ ಪಾಸ್ಕಲ್ ಮತ್ತು ಫೆರ್ಮಾ ಬರೆದುಕೊಂಡ ಕಾಗದಗಳಿಂದ ಸಂಭವನೀಯತೆಯ ಗಣಿತ ಬೆಳೆಯಿತು. ಇದೇ ಪಾಸ್ಕಲ್ ಅದಕ್ಕೆ ಆರು ವರ್ಷ ಮೊದಲು ಗಾಳಿಯ ಒತ್ತಡವನ್ನು ಪರೀಕ್ಷಿಸಲು ತನ್ನ ಭಾವನನ್ನು ಪಾದರಸದ ಕೊಳವೆಯೊಡನೆ ಪ್ವಿ ದ ಡೋಮ್ ಬೆಟ್ಟಕ್ಕೆ ಹತ್ತಿಸಿದ. ತಾನು ಪ್ಯಾರಿಸಿನಲ್ಲಿದ್ದ! ೧೯೬೪ರಲ್ಲಿ ಅಂಕ್ತಿಲ್ ಮತ್ತು ಪುಲಿದೋರ್ ಭುಜಕ್ಕೆ ಭುಜ ತಾಗಿಸಿಕೊಂಡು ಏರಿದ್ದು ಆ ಬೆಟ್ಟವನ್ನೇ. ಒಬ್ಬ ಹತ್ತುವುದು, ಇನ್ನೊಬ್ಬ ದೂರದಲ್ಲಿ ಕುಳಿತು ಫಲಿತಾಂಶಕ್ಕೆ ಕಾಯುವುದು ಆ ಬೆಟ್ಟಕ್ಕೆ ಹೊಸದೇನಲ್ಲ. ಆದರೆ ಪಾದರಸ ಎಷ್ಟು ಇಳಿಯಿತೆಂಬ ಉತ್ತರ ಪಾಸ್ಕಲನಿಗೆಷ್ಟೋ ಲೋಕಕ್ಕೂ ಅಷ್ಟೇ ಸೇರಿತು.

ಆದ್ದರಿಂದ ವಿದ್ಯೆಯೆಂಬ ವಾದವನ್ನು ಒಪ್ಪಿಬಿಟ್ಟೆ. ಒಪ್ಪಿದ ಮೇಲೂ ಆ ಟೈರಿನ ಮಾತು ಹಾಗೆಯೇ ಉಳಿಯಿತು. ವಿದ್ಯೆ ಬಾಜಿಗೂ ಅದೃಷ್ಟಕ್ಕೂ ಇರುವ ಸಂಬಂಧವನ್ನು ತಿದ್ದುತ್ತದೆ. ಬಾಜಿಗೂ ಮನುಷ್ಯನಿಗೂ ಇರುವ ಸಂಬಂಧವನ್ನು ಮುಟ್ಟುವುದೇ ಇಲ್ಲ.

ಇದಕ್ಕಿಂತ ಸೋಜಿಗದ ಸಂಗತಿ ಮತ್ತೊಂದು. ನನ್ನ ಶಿಷ್ಯ ಸೋತ ಆ ಸಂಜೆ ಅಲಾಫಿಲಿಪ್ ಸೋತಿರಲಿಲ್ಲ. ಎರಡು ದಿನದ ಹಿಂದೆ ಕಳೆದುಕೊಂಡಿದ್ದ ಹಳದಿ ಅಂಗಿ ಅಂದು ಅವನಿಗೆ ಮರಳಿ ಬಂತು. ಮರುದಿನ ಜುಲೈ ೧೪, ಫ್ರಾನ್ಸಿನ ರಾಷ್ಟ್ರೀಯ ಹಬ್ಬ. ಹಬ್ಬದ ದಿನ ಹಳದಿ ತೊಟ್ಟು ಹೊರಡುವ ಫ್ರೆಂಚನಿಗೆ ಆರು ಸೆಕೆಂಡು ಯಾವ ಲೆಕ್ಕ? ಅವನು ಹಿಗ್ಗಿ ಕುಣಿಯುವ ಗಳಿಗೆಯಲ್ಲಿ ಅವನನ್ನೇ ನೆಚ್ಚಿದ್ದವನು ಮಂಕಾಗಿ ಕುಳಿತಿದ್ದ. ಒಂದು ಓಟದೊಳಗೆ ಹತ್ತು ಓಟಗಳಿರುತ್ತವೆ: ಒಬ್ಬನಿಗೆ ಅಂಗಿ, ಒಬ್ಬನಿಗೆ ಹಂತ, ಒಬ್ಬನಿಗೆ ಗಡುವಿನೊಳಗೆ ಊರು ಸೇರಿದರೆ ಸಾಕು. ಬಾಜಿಯ ಚೀಟಿಗೆ ಕಿಟಕಿ ಒಂದೇ. ತನ್ನವನೆಂದು ಯಾರನ್ನು ಕರೆದನೋ ಅವನ ಸಂತೋಷ ಕೂಡ ಆ ಕಿಟಕಿಯಿಂದ ಕಾಣದು.

ದ್ಯೂತಸಭೆಯ ಒಂದು ಸಣ್ಣ ವಿವರ ಆಗ ನೆನಪಿಗೆ ಬಂತು. ಪಣ ಒಡ್ಡುವವನು ದುರ್ಯೋಧನ, ಆಡುವವನು ಶಕುನಿ ಎಂದಾಗ ಧರ್ಮರಾಯ ಆಕ್ಷೇಪಿಸುತ್ತಾನೆ. ಒಬ್ಬನಿಗಾಗಿ ಇನ್ನೊಬ್ಬ ಆಡುವುದು ಸಮವಲ್ಲ ಎನ್ನುತ್ತಾನೆ. ಮುಂದಿನ ಅನಾಹುತದ ಗದ್ದಲದಲ್ಲಿ ಈ ಮಾತನ್ನು ನಾವು ಮರೆತುಬಿಡುತ್ತೇವೆ. ನಾನೂ ತರಗತಿಯಲ್ಲಿ ಅದರ ಮೇಲೆ ನಿಂತವನಲ್ಲ. ಆಕ್ಷೇಪಿಸಿದವನೇ ಮುಂದೆ ತಮ್ಮಂದಿರನ್ನು, ತನ್ನನ್ನು, ದ್ರೌಪದಿಯನ್ನು ಒಡ್ಡಿದ; ಅದು ಬೇರೆ ಮಾತು. ಆದರೆ ಶಕುನಿಯಾದರೂ ತಿಳಿದು ಆಡಿದ. ಸೇಂತ್ ಎತಿಯೆನ್ನಿನ ಏರಿನಲ್ಲಿ ಬೆವರು ಸುರಿಸುತ್ತಿದ್ದವನಿಗೆ, ಇಂಗ್ಲೆಂಡಿನ ಒಂದು ಕೋಣೆಯಲ್ಲಿ ತಾನು ಇನ್ನೊಬ್ಬನ ದಾಳವಾಗಿದ್ದೇನೆಂಬುದೇ ತಿಳಿಯದು.

ಈ ಆಟದಲ್ಲಿ ಸೇವಕರು ಎಂಬ ಒಂದು ವರ್ಗವಿದೆ. ಫ್ರೆಂಚ್ ಭಾಷೆಯಲ್ಲೂ ಮನೆಯಾಳಿಗೆ ಹೇಳುವ ಪದವನ್ನೇ ಅವರಿಗೂ ಹೇಳುತ್ತಾರೆ. ನಾಯಕನಿಗೆ ನೀರು ತರುವುದು, ಗಾಳಿಗೆ ಅಡ್ಡವಾಗುವುದು, ಅಗತ್ಯ ಬಿದ್ದರೆ ತಮ್ಮ ಚಕ್ರವನ್ನೇ ಕಳಚಿ ಕೊಡುವುದು ಅವರ ಕೆಲಸ. ೧೯೩೪ರಲ್ಲಿ ರೆನೆ ವಿಯೆತ್ತೊ ಎಂಬ ಇಪ್ಪತ್ತು ವರ್ಷದ ಹುಡುಗ, ಬೆಟ್ಟ ಏರುವುದರಲ್ಲಿ ಎಲ್ಲರನ್ನೂ ಮೀರಿಸಿದವನು, ಪಿರನೀಸ್‌ನಲ್ಲಿ ತನ್ನ ನಾಯಕ ಮಾನ್ಯ್ ಎಂಬವನಿಗೆ ಚಕ್ರ ಬಿಚ್ಚಿಕೊಟ್ಟು ರಸ್ತೆ ಬದಿಯ ಕಲ್ಲುಗೋಡೆಯ ಮೇಲೆ ಕುಳಿತ. ಬೇರೆ ಚಕ್ರಕ್ಕಾಗಿ ಕಾಯುತ್ತ ಅತ್ತ. ಮರುದಿನ ನಾಯಕನ ಗಾಡಿ ಮತ್ತೆ ಕೆಟ್ಟಿತು. ಮುಂದೆ ಹೋಗಿದ್ದ ಹುಡುಗ ತಿರುಗಿ ಅದೇ ರಸ್ತೆಯಲ್ಲಿ ಹಿಂದಕ್ಕೆ ಬಂದು ಈ ಸಲ ಸೈಕಲ್ಲನ್ನೇ ಕೊಟ್ಟ. ಪಂದ್ಯ ಮಾನ್ಯ್‌ಗೆ ಹೋಯಿತು, ವಿಯೆತ್ತೊ ಐದನೆಯವನಾದ. ಗೀತೆ ಹೇಳುವ ಫಲಾಪೇಕ್ಷೆಯಿಲ್ಲದ ಕರ್ಮವೆಂದರೆ ಹೀಗಿರಬಹುದೇ ಎಂದು ಒಮ್ಮೆ ಅನಿಸಿತು. ಆದರೆ ಅವನು ಅತ್ತಿದ್ದ. ಫಲದ ಆಸೆ ಅವನಿಗೂ ಇತ್ತು. ಆಸೆಯಿದ್ದೂ ಕೊಟ್ಟ. ಬಾಜಿ ಕಟ್ಟುವವನದು ಇದರ ತಲೆಕೆಳಗು: ಕರ್ಮ ಒಂದಿಷ್ಟೂ ಇಲ್ಲ, ಇರುವುದೆಲ್ಲ ಫಲಾಪೇಕ್ಷೆ. ಅಂದು ವಿಯೆತ್ತೊನ ಮೇಲೆ ಹಣ ಕಟ್ಟಿದವನೊಬ್ಬ ಇದ್ದಿದ್ದರೆ, ಆ ಗೋಡೆಯ ಮೇಲೆ ಕುಳಿತವನನ್ನು ಕಂಡು ಅವನ ಬಾಯಿಂದ ಎಂಥ ಮಾತು ಬರುತ್ತಿತ್ತು?

ಇಷ್ಟು ಬರೆದು ಶಿಷ್ಯನಿಗೆ ಕಳಿಸಿದೆ. ಕಳಿಸಿದ ಮೇಲೆ ನನಗೇ ನಾಚಿಕೆಯಾಯಿತು. ಬಾಜಿ ಕಟ್ಟದೆ ನೋಡುವವರೇನು ಸಾಧುಗಳೇ? ಈ ಪಂದ್ಯ ಹುಟ್ಟಿದ್ದೇ ಒಂದು ಪತ್ರಿಕೆಯ ಮಾರಾಟ ಹೆಚ್ಚಲೆಂದು. ೧೯೧೦ರಲ್ಲಿ ಮೊದಲ ಬಾರಿಗೆ ಪಿರನೀಸ್‌ನ ಮಹಾಶಿಖರಗಳನ್ನು ಹತ್ತಿಸಿದಾಗ, ಆ ವರ್ಷದ ಪಂದ್ಯವನ್ನು ಗೆದ್ದ ಲಾಪೀಜ್ ಎಂಬಾತನೇ ವ್ಯವಸ್ಥಾಪಕರನ್ನು ಕೊಲೆಗಡುಕರೆಂದು ಬೈದ. ೧೯೬೭ರ ಜುಲೈ ೧೩ರಂದು ವಾಂತೂ ಬೆಟ್ಟದ ಬೋಳು ಇಳಿಜಾರಿನಲ್ಲಿ, ಉರಿಬಿಸಿಲಲ್ಲಿ, ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಸೈಕಲ್ಲಿನಿಂದ ಬಿದ್ದು ಸತ್ತ. ದೇಹದಲ್ಲಿ ಉದ್ರೇಕದ ಮದ್ದು ಸಿಕ್ಕಿತು. ಅದನ್ನು ನುಂಗಿಸಿದ್ದರಲ್ಲಿ ನೋಡುವ ಕಣ್ಣುಗಳ ಪಾಲೆಷ್ಟು? ಪತ್ರಿಕೆ ಕೊಂಡು ಓದಿದವನೂ ಅವನ ಉಸಿರಿಗೆ ಕಾಸು ಕೊಟ್ಟವನೇ.

ಪರೀಕ್ಷೆಗೆಂದು ಆ ವರ್ಷ ಉಳಿದ ಹಂತಗಳಲ್ಲಿ ನಾನೂ ಬೆಳಿಗ್ಗೆ ಒಂದು ಹೆಸರನ್ನು ಚೀಟಿಯಲ್ಲಿ ಬರೆದಿಟ್ಟೆ. ಕಾಸಿಲ್ಲದ ಬಾಜಿ. ಮೂರನೆಯ ದಿನವೇ, ಬೇರೊಬ್ಬ ಮುಂದೆ ಹೋದಾಗ, ನನ್ನೊಳಗೂ ಆ ಟೈರಿನ ಮಾತು ಸಣ್ಣಗೆ ಕೇಳಿಸಿತು. ಹಣವೇ ಎಲ್ಲಕ್ಕೂ ಮೂಲವೆಂದು ಬರೆದಿದ್ದರೆ ಸುಳ್ಳಾಗುತ್ತಿತ್ತು. ಆದರೆ ಒಂದು ವ್ಯತ್ಯಾಸ ಕಂಡೆ. ಕಡೆಯ ಏರಿನಲ್ಲಿ ಆ ಪರಕೀಯ ಹಲ್ಲು ಕಚ್ಚಿ, ಭುಜ ಹೊಯ್ದಾಡಿಸಿಕೊಂಡು ಹೋಗುತ್ತಿದ್ದುದನ್ನು ನೋಡುತ್ತ ನೋಡುತ್ತ, ನನಗೆ ಅರಿವಿಲ್ಲದೆಯೇ ನಾನು ಅವನ ಕಡೆಗಾಗಿಬಿಟ್ಟಿದ್ದೆ. ಚೀಟಿ ಮೇಜಿನ ಮೇಲೆ ಬಿದ್ದಿತ್ತು. ನಾನು ಪಕ್ಷ ಬಿಟ್ಟು ಬಂದುದಕ್ಕೆ ಯಾರೂ ದಂಡ ಕೇಳಲಿಲ್ಲ. ಇಪ್ಪತ್ತು ಪೌಂಡು ಕಟ್ಟಿದವನಿಗೆ ಈ ದಾರಿ ಮುಚ್ಚಿಹೋಗಿರುತ್ತದೆ. ಬಾಜಿಯೆಂಬುದು, ಮುಂದೆ ಏನನ್ನು ಕಂಡರೂ ಮನಸ್ಸು ಕರಗಗೊಡುವುದಿಲ್ಲವೆಂದು ಬೆಳಿಗ್ಗೆಯೇ ಬರೆದುಕೊಟ್ಟ ಮುಚ್ಚಳಿಕೆ.

ಇದನ್ನೂ ಅವನಿಗೆ ಬರೆದೆ. ಬಹುಕಾಲ ಉತ್ತರ ಬರಲಿಲ್ಲ. ಬಂದ ಕಾಗದಗಳಲ್ಲಿ ಮಕ್ಕಳ ಸುದ್ದಿ, ಮಳೆಯ ಸುದ್ದಿ. ೨೦೨೫ರ ಜುಲೈನಲ್ಲಿ ಪಂದ್ಯ ಮತ್ತೆ ವಾಂತೂ ಏರಿದಾಗ ಅವನು ರಜ ಹಾಕಿ ಫ್ರಾನ್ಸಿಗೆ ಹೋಗಿ ರಸ್ತೆಬದಿಯಲ್ಲಿ ನಿಂತಿದ್ದನಂತೆ. ಒಂದು ಚಿತ್ರ ಕಳಿಸಿದ: ಸಿಂಪ್ಸನ್ ಬಿದ್ದ ಜಾಗದ ಕಲ್ಲು, ಅದರ ಮೆಟ್ಟಿಲ ಮೇಲೆ ಹಾದುಹೋಗುವ ಸವಾರರು ಇಟ್ಟುಹೋದ ನೀರಿನ ಸೀಸೆಗಳು, ಟೋಪಿಗಳು. ಗೆದ್ದವನು ಹಾದು ಬಹಳ ಹೊತ್ತಾದ ಮೇಲೆ ಹಿಂದಿನವರು ಬಂದರಂತೆ, ಮುಖದಲ್ಲಿ ಉಪ್ಪು ಬಿಳಿಚಿಕೊಂಡವರು. ಅವರ ಹೆಸರು ಗೊತ್ತಿಲ್ಲದವರೂ ಕೂಗಿ ಕೂಗಿ ಹುರಿದುಂಬಿಸಿದರಂತೆ. ತಾನೂ ಗಂಟಲು ಕಟ್ಟುವವರೆಗೆ ಕೂಗಿದನಂತೆ.

ಕಡೆಯಲ್ಲಿ, ಆ ದಿನವೂ ಬಾಜಿ ಕಟ್ಟಿದ್ದೆ ಮೇಷ್ಟ್ರೇ ಎಂದು ಬರೆದಿದ್ದ. ಯಾರ ಮೇಲೆ ಎಂದು ಬರೆದಿರಲಿಲ್ಲ, ನಾನೂ ಕೇಳಲಿಲ್ಲ.